ಓಸುಮಿಯವರ ಯೀಸ್ಟ್ ಮತ್ತು ಸೈಟೇಶನ್ನಿನ ಲೆಕ್ಕ

ಕೇಳುಗರಿಗೆ ನಮಸ್ಕಾರ.

ವರ್ಷಕ್ಕೊಮ್ಮೆ ನಮ್ಮ ಹುಬ್ಬಳ್ಳಿ-ಧಾರವಾಡದ ಪತ್ರಿಕೆಗಳ ಒಳಪುಟದಲ್ಲಿ ಒಂದು ಸುದ್ದಿ ಬರುತ್ತದೆ. ವಿಶ್ವದ ಶೇ 2ರಷ್ಟು ಅಗ್ರ ವಿಜ್ಞಾನಿಗಳ ಪಟ್ಟಿಯಲ್ಲಿ ನಮ್ಮವರ ಹೆಸರು. ಪಾಸ್‌ಪೋರ್ಟ್ ಅಳತೆಯ ಫೋಟೊಗಳು ಸಾಲಾಗಿ. ಆ ವಾರವೆಲ್ಲ ಬೆಳಗಿನ ವಾಕಿಂಗಿನಲ್ಲಿ ಅದೇ ಮಾತು. ಜೊತೆಗೆ ನಡೆಯುವ ಹಿರಿಯರೊಬ್ಬರು ಕೇಳಿದರು: “ಅಲ್ರೀ ಸರ, ಇವರಿಗೆ ನಾಲ್ಕು ಸಾವಿರ ಸೈಟೇಶನ್ ಅಂತ ಬರದಾರ. ಅಂದ್ರ ನಾಲ್ಕು ಸಾವಿರ ಮಂದಿ ಇವರ ಪೇಪರ್ ಓದ್ಯಾರ ಅಂತೇನು?”

ಹಾಗೇನಿಲ್ಲ. ಓದಿಯೂ ಉಲ್ಲೇಖಿಸದವರು ಬಹಳ. ಓದದೆಯೇ ಉಲ್ಲೇಖಿಸುವವರೂ ಇದ್ದಾರೆ, ಅವರ ಮಾತು ಈಗ ಬೇಡ. ಸಂಶೋಧಕರು ತಮ್ಮ ಪ್ರಬಂಧದ ಕೊನೆಗೆ, ಯಾರ ಯಾರ ಕೆಲಸದ ಮೇಲೆ ತಮ್ಮ ಕೆಲಸ ನಿಂತಿದೆ ಎಂದು ಪಟ್ಟಿ ಕೊಡುತ್ತಾರೆ. ಅದರಲ್ಲಿ ನಿಮ್ಮ ಪ್ರಬಂಧ ಸೇರಿದರೆ ನಿಮಗೊಂದು ಸೈಟೇಶನ್. ಅಮೆರಿಕದ ಯೂಜೀನ್ ಗಾರ್ಫೀಲ್ಡ್ 1964ರಲ್ಲಿ ಇವುಗಳ ಸೂಚಿಯನ್ನು ಹೊರತಂದಾಗ ಅದು ಗ್ರಂಥಾಲಯದ ಸಲಕರಣೆ. ಹಳೆಯ ಪ್ರಬಂಧವೊಂದನ್ನು ಹಿಡಿದು, ಆ ವಿಚಾರ ಮುಂದೆ ಎಲ್ಲೆಲ್ಲಿ ಹೋಯಿತು ಎಂದು ಹುಡುಕಲಿಕ್ಕೆ. ನೇಮಕಾತಿಗೂ ಬಡ್ತಿಗೂ ಅದು ಅಳತೆಗೋಲಾದದ್ದು ಆಮೇಲಿನ ಕಥೆ.

ಈ ಅಳತೆ ಎಷ್ಟು ಸರಿ ಎಂದು ನೋಡಲು ಜಪಾನಿನ ಯೋಶಿನೋರಿ ಓಸುಮಿಯವರ ವೃತ್ತಿಜೀವನಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಕಂಡಿಲ್ಲ. ಅವರು ಜೀವಕೋಶ ವಿಜ್ಞಾನಿ. ಹುಟ್ಟಿದ್ದು 1945ರಲ್ಲಿ, ಫುಕುವೊಕಾದಲ್ಲಿ. ನ್ಯೂಯಾರ್ಕಿನ ರಾಕ್‌ಫೆಲರ್ ವಿಶ್ವವಿದ್ಯಾಲಯದಲ್ಲಿ ಕೆಲವು ವರ್ಷ ಇದ್ದು ಟೋಕಿಯೊಗೆ ಮರಳಿದರು. ತಮ್ಮದೇ ಪ್ರಯೋಗಾಲಯ ಸಿಕ್ಕಿದ್ದು 1988ರಲ್ಲಿ, 43ನೆಯ ವಯಸ್ಸಿಗೆ. ಆಗ ಅವರು ಸಹ ಪ್ರಾಧ್ಯಾಪಕರು.

ಅವರು ಹಿಡಿದ ವಿಷಯವೂ ಜನ ಬಿಟ್ಟು ಕೂತದ್ದೇ. ಜೀವಕೋಶವು ತನ್ನೊಳಗಿನ ಹಳೆಯ ಭಾಗಗಳನ್ನು ಪೊರೆಯ ಚೀಲದಲ್ಲಿ ಸುತ್ತಿ, ಲೈಸೋಸೋಮ್ ಎಂಬ ತನ್ನ ಜೀರ್ಣಚೀಲಕ್ಕೆ ಸಾಗಿಸಿ, ಅಲ್ಲಿ ಒಡೆದು, ಬಂದ ಸಾಮಗ್ರಿಯನ್ನು ಮತ್ತೆ ಬಳಸಿಕೊಳ್ಳುತ್ತದೆ. ನಮ್ಮ ಕಡೆಯ ಅಜ್ಜಿಯರು ಹಳೇ ಸೀರೆ ಹರಿದು ಕೌದಿ ಹೊಲಿದಂತೆ. ಬೆಲ್ಜಿಯಂನ ಕ್ರಿಶ್ಚಿಯನ್ ಡಿ ಡ್ಯೂವ್ 1963ರಲ್ಲೇ ಇದಕ್ಕೆ ಆಟೋಫಜಿ ಎಂದು ಹೆಸರಿಟ್ಟಿದ್ದರು. ಹೆಸರಾಯಿತು, ಆದರೆ ಯಾವ ಜೀನುಗಳು ಇದನ್ನು ನಡೆಸುತ್ತವೆ ಎಂಬುದು ಗೊತ್ತಿರಲಿಲ್ಲ.

ಓಸುಮಿ ಯೀಸ್ಟನ್ನು ಆರಿಸಿಕೊಂಡರು. ಅದರಲ್ಲಿ ಲೈಸೋಸೋಮಿನ ಕೆಲಸ ಮಾಡುವುದು ರಸದಾನಿ, ಅಂದರೆ ವ್ಯಾಕ್ಯುವೋಲ್. ಸಾಧಾರಣ ಸೂಕ್ಷ್ಮದರ್ಶಕದಲ್ಲೂ ಕಾಣುವಷ್ಟು ದೊಡ್ಡದು. ತೊಡಕೆಂದರೆ, ಒಳಗೆ ಹೋದದ್ದು ತಡವಿಲ್ಲದೆ ಜೀರ್ಣವಾಗಿಬಿಡುತ್ತದೆ, ನೋಡಲು ಏನೂ ಉಳಿಯುವುದಿಲ್ಲ. ಅವರ ಜಾಣತನ ಇಲ್ಲಿದೆ. ಜೀರ್ಣಿಸುವ ಕಿಣ್ವಗಳೇ ಇಲ್ಲದ ಯೀಸ್ಟ್ ತಳಿಯನ್ನು ತಂದು, ಅದನ್ನು ಉಪವಾಸ ಕೆಡವಿದರು. ಹಸಿವಾದಾಗ ಆಟೋಫಜಿ ಜೋರಾಗುತ್ತದೆ; ಜೀರ್ಣವಾಗದ್ದರಿಂದ ಸಾಮಾನು ಅಲ್ಲೇ ಉಳಿಯಬೇಕು. ಕೆಲವೇ ಗಂಟೆಗಳಲ್ಲಿ ರಸದಾನಿಯ ತುಂಬ ಸಣ್ಣ ಸಣ್ಣ ಗುಂಡುಗಳು ಓಡಾಡುವುದು ಕಂಡಿತು. ಕೋಟಿಗಟ್ಟಲೆಯ ಯಂತ್ರ ಬೇಕಾಗಲಿಲ್ಲ. ಮುಂದೆ ರಾಸಾಯನಿಕದಿಂದ ಯೀಸ್ಟಿನ ಜೀನುಗಳನ್ನು ಅಲ್ಲಲ್ಲಿ ಕೆಡಿಸಿ, ಯಾವ ತಳಿಯಲ್ಲಿ ಈ ಗುಂಡುಗಳು ಕಾಣಿಸುವುದಿಲ್ಲ ಎಂದು ಹುಡುಕಿದರು. ಹಾಗೆ ಸಿಕ್ಕವು 15 ಜೀನುಗಳು.

ಆ ಫಲಿತಾಂಶ 1993ರಲ್ಲಿ ಫೆಬ್ಸ್ ಲೆಟರ್ಸ್ ಎಂಬ ಪತ್ರಿಕೆಯಲ್ಲಿ ಬಂತು. ನೇಚರ್ ಅಲ್ಲ, ಸೈನ್ಸ್ ಅಲ್ಲ, ಸೆಲ್ ಕೂಡ ಅಲ್ಲ. ಲೇಖಕರು ಇಬ್ಬರೇ: ಮಿಕಿ ತ್ಸುಕಾಡಾ ಎಂಬ ವಿದ್ಯಾರ್ಥಿನಿ, ಕೊನೆಗೆ ಓಸುಮಿ. ಆಗ ಈ ವಿಷಯದ ಮೇಲೆ ಕೆಲಸ ಮಾಡುತ್ತಿದ್ದ ಪ್ರಯೋಗಾಲಯಗಳೇ ಕಡಿಮೆ. ಉಲ್ಲೇಖಿಸಬೇಕೆಂದರೂ ಯಾರು ಉಲ್ಲೇಖಿಸಬೇಕು? 1990ರ ದಶಕದ ಕೊನೆಯಲ್ಲಿ ಅದೇ ಬಗೆಯ ಜೀನುಗಳು ಮನುಷ್ಯನಲ್ಲೂ ಇವೆ ಎಂದು ತಿಳಿಯಿತು. ಕ್ಯಾನ್ಸರಿನವರು, ನರರೋಗದವರು, ಸೋಂಕಿನವರು ಎಲ್ಲರೂ ಈ ಕಡೆ ಬಂದರು. 2016ರಲ್ಲಿ ನೊಬೆಲ್ ಬಂದಾಗ ಅದನ್ನು ಹಂಚಿಕೊಳ್ಳಲು ಬೇರೆಯವರಿರಲಿಲ್ಲ, ಓಸುಮಿ ಒಬ್ಬರಿಗೇ ಬಂತು. ಇಂದು ಅವರ ಸೈಟೇಶನ್ ರಾಶಿ ಬಿದ್ದಿದೆ. ಅದೇ 1994ರಲ್ಲಿ ಯಾವುದೋ ಸಮಿತಿ ಬರೀ ಅಂಕಿ ನೋಡಿ ತೀರ್ಮಾನಿಸಿದ್ದರೆ?

ಇನ್ನು ಎಚ್-ಇಂಡೆಕ್ಸ್, ಸಂಶೋಧಕರ ಸಾಧನೆಯನ್ನು ಒಂದೇ ಅಂಕಿಯಲ್ಲಿ ಹೇಳುವ ಅಳತೆ. 2005ರಲ್ಲಿ ಹೋರ್ಹೆ ಹರ್ಷ್ ಎಂಬ ಭೌತವಿಜ್ಞಾನಿ ಕೊಟ್ಟದ್ದು. ನಿಮ್ಮ 20 ಪ್ರಬಂಧಗಳಿಗೆ ತಲಾ ಕನಿಷ್ಠ 20 ಸೈಟೇಶನ್ ಇದ್ದು, 21 ಪ್ರಬಂಧಗಳಿಗೆ ತಲಾ 21 ಇಲ್ಲದಿದ್ದರೆ ನಿಮ್ಮ ಎಚ್ 20. ಲೆಕ್ಕ ಸರಳ, ಅದಕ್ಕೇ ಎಲ್ಲರಿಗೂ ಹಿಡಿಸಿತು. ಆದರೆ ಒಂದೇ ಒಂದು ದೊಡ್ಡ ಕೆಲಸ ಮಾಡಿದವನನ್ನು ಅದು ಗುರುತಿಸುವುದಿಲ್ಲ. ಉಲ್ಲೇಖಗಳ ಉದ್ದುದ್ದ ಪಟ್ಟಿ ಕೊಡುವ ಜೀವಕೋಶ ವಿಜ್ಞಾನದವರನ್ನೂ ಚಿಕ್ಕ ಪಟ್ಟಿಯ ಗಣಿತದವರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಲಿಕ್ಕೂ ಬರುವುದಿಲ್ಲ.

ಜಗತ್ತಿನಲ್ಲಿ ಅತಿ ಹೆಚ್ಚು ಸೈಟೇಶನ್ ಪಡೆದ ಪ್ರಬಂಧ ಯಾವುದು ಗೊತ್ತೇ? ಪ್ರಾಣಿಶಾಸ್ತ್ರ, ಜೀವರಸಾಯನಶಾಸ್ತ್ರ ಓದಿದವರ ಕೈಗೆ ಅದರ ನೀಲಿ ಬಣ್ಣ ಹತ್ತಿರುತ್ತದೆ. ಪ್ರೋಟೀನ್ ಅಳೆಯುವ ಲೌರಿ ಮೆಥಡ್. 1951ರ ಪ್ರಬಂಧ, ಮೂರು ಲಕ್ಷಕ್ಕೂ ಮೀರಿದ ಉಲ್ಲೇಖ. 2014ರಲ್ಲಿ ನೇಚರ್ ಪತ್ರಿಕೆ ಮೊದಲ 100 ಪ್ರಬಂಧಗಳ ಪಟ್ಟಿ ಮಾಡಿದಾಗ, ಡಿಎನ್‌ಎ ರಚನೆ ತಿಳಿಸಿದ 1953ರ ಪ್ರಬಂಧ ಅದರಲ್ಲಿ ಇರಲೇ ಇಲ್ಲ. ದಿನಬಳಕೆಯ ವಿಧಾನಕ್ಕೆ ಉಲ್ಲೇಖ ಹೆಚ್ಚು. ಪಠ್ಯಪುಸ್ತಕ ಸೇರಿ ಎಲ್ಲರ ಸ್ವತ್ತಾದ ವಿಚಾರಕ್ಕೆ ಯಾರೂ ಉಲ್ಲೇಖ ಕೊಡುವುದಿಲ್ಲ.

ಆಟೋಫಜಿಯಲ್ಲೇ ಇನ್ನೊಂದು ತಮಾಷೆ. ಈ ಪ್ರಕ್ರಿಯೆಯನ್ನು ಅಳೆಯುವುದು ಹೇಗೆ ಎಂಬ ಮಾರ್ಗದರ್ಶಿ ಪ್ರಬಂಧದ 2016ರ ಆವೃತ್ತಿಗೆ 2 ಸಾವಿರಕ್ಕೂ ಹೆಚ್ಚು ಲೇಖಕರು. ಬಹಳ ಉಪಯುಕ್ತ ಪ್ರಬಂಧ, ಅನುಮಾನವಿಲ್ಲ. ಆದರೆ ಅದಕ್ಕೆ ಬಂದ ಪ್ರತಿ ಸೈಟೇಶನ್ನೂ ಅಷ್ಟೂ ಜನರ ಖಾತೆಗೆ ಇಡಿಯಾಗಿ ಜಮಾ. ತ್ಸುಕಾಡಾ ಸೂಕ್ಷ್ಮದರ್ಶಕದ ಮುಂದೆ ಕೂತು ಪಡೆದ ಅಂಕಿಗೂ ಆ ಜಾತ್ರೆಯಲ್ಲಿ ಒಬ್ಬರಾಗಿ ಪಡೆದ ಅಂಕಿಗೂ ಕಂಪ್ಯೂಟರಿನಲ್ಲಿ ವ್ಯತ್ಯಾಸವಿಲ್ಲ.

ನಮ್ಮೂರಿನ ಒಂದು ಮಾತು ಹೇಳಬೇಕು. ಧಾರವಾಡದ ಕೃಷಿ ಸಂಶೋಧನಾ ಕೇಂದ್ರದಲ್ಲಿ ಡಾ. ಬಿ.ಎಚ್. ಕಟರ್ಕಿಯವರು 1972ರಲ್ಲಿ ವರಲಕ್ಷ್ಮಿ ಹತ್ತಿಯನ್ನು ಕೊಟ್ಟರು. ಎರಡು ಬೇರೆ ಬೇರೆ ಪ್ರಭೇದಗಳ ಹತ್ತಿಯನ್ನು ಕೂಡಿಸಿ ರೈತರ ಹೊಲಕ್ಕೆ ತಂದ, ಜಗತ್ತಿನಲ್ಲೇ ಮೊದಲ ಹೈಬ್ರಿಡ್ ಅದು. ಆ ಬೀಜ ಊರೂರಿಗೆ ಹೋಯಿತು. ಅದನ್ನು ಬಿತ್ತಿದವರು ಯಾರೂ ಪ್ರಬಂಧ ಬರೆಯುವವರಲ್ಲ. ಸೈಟೇಶನ್ ಸೂಚಿಯಲ್ಲಿ ಈ ಬೆಳೆ ಹೇಗೆ ಕಾಣಬೇಕು?

ಅಂಕಿಯೇ ಬೇಡ ಎನ್ನುವವನು ನಾನಲ್ಲ. ಶಿಫಾರಸಿನ ಚೀಟಿಗಿಂತ ಅಂಕಿ ಮೇಲು, ಅದು ನಮ್ಮಲ್ಲಿ ಸಣ್ಣ ಮಾತಲ್ಲ. ಆದರೆ 2010ರಲ್ಲಿ ಯುಜಿಸಿ ಅಧ್ಯಾಪಕರ ನೇಮಕಾತಿ, ಬಡ್ತಿಗೆಂದು ಪ್ರಬಂಧಗಳಿಗೆ ಎಪಿಐ ಎಂಬ ಅಂಕ ಕೊಡುವ ಪದ್ಧತಿ ತಂದ ಮೇಲೆ ಏನಾಯಿತು ಎಂಬುದನ್ನು ಕಾಲೇಜುಗಳಲ್ಲಿ ಇದ್ದವರೆಲ್ಲ ಕಂಡಿದ್ದೇವೆ. ದುಡ್ಡು ಕಟ್ಟಿದರೆ ವಾರದೊಳಗೆ ಅಚ್ಚು ಹಾಕುವ ಪತ್ರಿಕೆಗಳು ಹುಟ್ಟಿಕೊಂಡವು. ಈ ಅಂಕಿಗಳ ಹುಚ್ಚಿಗೆ ತಕರಾರು ತೆಗೆದವರಲ್ಲಿ ಜೀವಕೋಶ ವಿಜ್ಞಾನಿಗಳೇ ಇದ್ದರು. 2012ರ ಡಿಸೆಂಬರಿನಲ್ಲಿ ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ, ಅಮೆರಿಕದ ಜೀವಕೋಶ ವಿಜ್ಞಾನಿಗಳ ಸಂಘದ ವಾರ್ಷಿಕ ಸಭೆಯಲ್ಲಿ ಡೋರಾ ಎಂಬ ಘೋಷಣೆಗೆ ಚಾಲನೆ ಸಿಕ್ಕಿತು. ಪತ್ರಿಕೆಯ ಇಂಪ್ಯಾಕ್ಟ್ ಫ್ಯಾಕ್ಟರ್, ಅಂದರೆ ಅದರ ಪ್ರಬಂಧಗಳಿಗೆ ಬರುವ ಸರಾಸರಿ ಸೈಟೇಶನ್, ನೋಡಿ ವ್ಯಕ್ತಿಯ ಬೆಲೆ ಕಟ್ಟಬೇಡಿ, ಪ್ರಬಂಧವನ್ನೇ ನೋಡಿ ಎಂಬುದು ಅದರ ತಿರುಳು.

ಪ್ರಬಂಧವನ್ನೇ ನೋಡುವುದೆಂದರೆ ಓದುವುದು. ಅಭ್ಯರ್ಥಿಯಿಂದ ಅವರೇ ಆರಿಸಿದ ಮೂರು ಪ್ರಬಂಧ ತರಿಸಿ, ಸಂದರ್ಶನದ ಹಿಂದಿನ ದಿನ ಸಮಿತಿಯವರು ಓದಿಕೊಂಡು ಬಂದು, ‘ಇದರಲ್ಲಿ ನಿಮ್ಮ ಕೈಯಾರೆ ಮಾಡಿದ ಪ್ರಯೋಗ ಯಾವುದು, ಹೇಳ್ರಿ’ ಎಂದು ಕೇಳಲಿ. ಅದಕ್ಕೆ ಸಮಿತಿಯವರ ಅರ್ಧ ದಿನ ಹೆಚ್ಚು ಹೋದೀತು. ಭತ್ಯೆ ಹೇಗೂ ಇಡೀ ದಿನದ್ದೇ ಇರುತ್ತದೆ.

ನಮಸ್ಕಾರ.