ಬಂಪರಿನ ಗೀರು, ಕತ್ತಿನ ನೋವು

ಎಲ್ಲರಿಗೂ ನಮಸ್ಕಾರ.

ನಾನು ಮೂಳೆ ಮತ್ತು ಕೀಲಿನ ವೈದ್ಯ. ರೋಗಿಗಳನ್ನು ನೋಡುವುದರ ಜೊತೆಗೆ, ಅಪಘಾತದಲ್ಲಿ ಗಾಯವಾಯಿತೆಂದು ಪರಿಹಾರ ಕೇಳಿದವರನ್ನು ಪರೀಕ್ಷಿಸಿ ವರದಿ ಬರೆಯುವ ಕೆಲಸವೂ ನನ್ನ ಪಾಲಿಗೆ ಬಂದಿದೆ. ಕೆಲವು ಸಲ ವಿಮಾ ಕಂಪನಿ ಕೇಳುತ್ತದೆ, ಕೆಲವು ಸಲ ಗಾಯಾಳುವಿನ ವಕೀಲರು ಕೇಳುತ್ತಾರೆ. ಇಬ್ಬರಿಗೂ ತಮಗೆ ಬೇಕಾದ ಉತ್ತರವೇ ಬೇಕು. ಇವತ್ತು ನಾನು ಮಾತಾಡುವುದು ಭಾರೀ ಅಪಘಾತಗಳ ಬಗ್ಗೆ ಅಲ್ಲ. ನಿಂತಿದ್ದ ಕಾರಿಗೆ ಹಿಂದಿನ ಕಾರು ಸುಮ್ಮನೆ ಹೀಗೆ ತಾಗುತ್ತದಲ್ಲ, ಆ ಸಣ್ಣ ಡಿಕ್ಕಿಯ ಬಗ್ಗೆ. ಅದರ ಬೆನ್ನಿಗೇ ಬರುವ ದೊಡ್ಡ ಕ್ಲೇಮಿನ ಬಗ್ಗೆ.

ಒಂದು ಫೈಲಿನಿಂದ ಶುರುಮಾಡುತ್ತೇನೆ. ಫೋಟೋದಲ್ಲಿ ಹಿಂದಿನ ಬಂಪರ್ ಮೇಲೆ ಅಂಗೈಯಗಲದ ಗೀರು, ನಂಬರ್ ಪ್ಲೇಟಿನ ಒಂದು ಮೂಲೆ ಒಳಕ್ಕೆ ಬಗ್ಗಿದೆ, ಅಷ್ಟೇ. ಆ ಕಾರಿನಲ್ಲಿ ಇದ್ದೆವು ಎಂದು ಮೂವರು ಪರಿಹಾರ ಕೇಳಿದ್ದರು. ಮೂವರ ಹೇಳಿಕೆಯಲ್ಲೂ ಒಂದೇ ವಾಕ್ಯ: ‘ಕತ್ತಿನ ಹಿಂಭಾಗದಲ್ಲಿ ಶುರುವಾಗಿ ಎಡಭುಜದ ಕಡೆಗೆ ಹರಿಯುವ ನೋವು.’ ಒಂದಕ್ಷರ ಆಚೀಚೆ ಇಲ್ಲ. ಇಷ್ಟು ವರ್ಷದಲ್ಲಿ ಇಬ್ಬರು ತಮ್ಮ ನೋವನ್ನು ಒಂದೇ ಮಾತಿನಲ್ಲಿ ಹೇಳಿಕೊಂಡಿದ್ದನ್ನು ನಾನು ಕೇಳಿಲ್ಲ. ಒಬ್ಬರು ‘ಸೆಳೆತ’ ಅನ್ನುತ್ತಾರೆ, ಇನ್ನೊಬ್ಬರು ‘ಹಿಡ್ಕೊಂಡ್ಬಿಟ್ಟಿದೆ’ ಅನ್ನುತ್ತಾರೆ, ಮತ್ತೊಬ್ಬರು ಮಾತೇ ಆಡದೆ ಕೈಯಿಂದ ಒತ್ತಿ ತೋರಿಸುತ್ತಾರೆ.

ಮೂವರನ್ನೂ ಬೇರೆಬೇರೆಯಾಗಿ ಕೂರಿಸಿ ಕೇಳಿದೆ. ಯಾರು ಎಲ್ಲಿ ಕೂತಿದ್ದಿರಿ? ತಾಗಿದ ತಕ್ಷಣ ಮೊದಲು ಬಾಗಿಲು ತೆಗೆದವರು ಯಾರು? ಹಿಂದಿನ ಕಾರಿನವರು ಇಳಿದು ಬಂದು ಏನಂದರು? ಇಬ್ಬರು ಹಿಂದಿನ ಎಡಗಡೆ ಸೀಟು ತನ್ನದೇ ಎಂದರು. ಮೂರನೆಯವರಿಗೆ ಡಿಕ್ಕಿ ಆದ ಮೇಲಿನ ಹತ್ತು ನಿಮಿಷದ ಯಾವ ಚಿತ್ರವೂ ಇರಲಿಲ್ಲ. ನಿಜವಾಗಿ ಕಾರಿನಲ್ಲಿದ್ದವರ ನೆನಪು ಹಾಗಿರುವುದಿಲ್ಲ. ಕೆಲಸಕ್ಕೆ ಬಾರದ ವಿವರಗಳೇ ಅದರ ತುಂಬ: ಮಡಿಲಲ್ಲಿದ್ದ ಬ್ಯಾಗು ಕೆಳಗೆ ಬಿತ್ತು, ಕನ್ನಡಕ ಮೂಗಿನಿಂದ ಜಾರಿತು, ಮಗು ಅಳಲಿಲ್ಲ ಸುಮ್ಮನೆ ನೋಡುತ್ತಿತ್ತು. ಇಂಗ್ಲೆಂಡಿನಲ್ಲಿ ಕಾರಿನಲ್ಲಿ ಇಲ್ಲದೆಯೇ ಪರಿಹಾರ ಕೇಳುವ ಇಂಥವರಿಗೆ ‘ಭೂತ ಪ್ರಯಾಣಿಕರು’ ಎಂದೇ ಹೆಸರಿದೆ.

ಇಂಥ ಫೈಲು ಸುಲಭದ್ದು, ಸುಳ್ಳು ತಾನಾಗಿಯೇ ಹೊರಬೀಳುತ್ತದೆ. ಕಷ್ಟ ಇರುವುದು ಮಿಕ್ಕ ಫೈಲುಗಳಲ್ಲಿ. ಅಲ್ಲಿ ಡಿಕ್ಕಿ ನಿಜ, ಮನುಷ್ಯ ಕಾರಿನಲ್ಲಿದ್ದದ್ದು ನಿಜ, ಒಂದು ವಾರ ಕತ್ತು ನೋಯ್ದದ್ದೂ ನಿಜವಿರಬಹುದು. ಆ ಒಂದು ವಾರ ಕಾಗದದ ಮೇಲೆ ಒಂದೂವರೆ ವರ್ಷ ಆಗಿರುತ್ತದೆ. ಹಾಗೆ ಹಿಗ್ಗಿಸಿದವರು ಯಾರು, ಎಷ್ಟು ತಿಳಿದು, ಎಷ್ಟು ತಿಳಿಯದೆ?

ಈ ಜಗಳ ಕಾರಿಗಿಂತ ಹಳೆಯದು. ಬ್ರಿಟನ್ನಿನಲ್ಲಿ ರೈಲು ಹೊಸದಾಗಿ ಓಡತೊಡಗಿದ ಕಾಲದಲ್ಲಿ, ಸಣ್ಣ ಡಿಕ್ಕಿಯ ನಂತರ ಮೈಮೇಲೆ ಗಾಯವೇ ಕಾಣದ ಜನ ತಿಂಗಳುಗಟ್ಟಲೆ ಬೆನ್ನುನೋವು, ನಿದ್ರೆಗೇಡು, ಸುಸ್ತು ಎನ್ನುತ್ತಿದ್ದರು. ಅದಕ್ಕೆ ‘ರೈಲ್ವೆ ಸ್ಪೈನ್’, ಅಂದರೆ ರೈಲ್ವೆ ಬೆನ್ನೆಲುಬು, ಎಂಬ ಹೆಸರು ಬಂತು. 1866ರಲ್ಲಿ ಶಸ್ತ್ರವೈದ್ಯ ಜಾನ್ ಎರಿಕ್ ಎರಿಕ್ಸನ್ ಇದು ಬೆನ್ನುಹುರಿಗೆ ಆದ ಪೆಟ್ಟಿನ ಫಲ ಎಂದು ಬರೆದರು. 1883ರಲ್ಲಿ ಹರ್ಬರ್ಟ್ ಪೇಜ್, ಅಲ್ಲ, ಇದರಲ್ಲಿ ಬಹುಪಾಲು ಭಯ ಮತ್ತು ಮನಸ್ಸಿನ ಆಘಾತ ಎಂದು ವಾದಿಸಿದರು. ಪೇಜ್ ಒಂದು ರೈಲ್ವೆ ಕಂಪನಿಯ ವೈದ್ಯರು ಎಂಬುದನ್ನೂ ಇಲ್ಲಿಯೇ ಹೇಳಿಬಿಡಬೇಕು. ಸಂಬಳ ಎಲ್ಲಿಂದ ಬರುತ್ತದೆ ಎಂಬುದು ವೈದ್ಯಕೀಯ ಅಭಿಪ್ರಾಯದೊಳಗೆ ನುಸುಳುತ್ತದೆ. ಆಗಲೂ ಹಾಗೆ, ಈಗಲೂ ಹಾಗೆ.

ಇನ್ನು ನಮ್ಮ ಕಾಲದ ಹೆಸರು, ವಿಪ್‌ಲ್ಯಾಶ್. ಅಂದರೆ ಚಾಟಿಯೇಟು. 1928ರಲ್ಲಿ ಅಮೆರಿಕದ ಮೂಳೆ ವೈದ್ಯ ಹೆರಾಲ್ಡ್ ಕ್ರೋ ಸ್ಯಾನ್ ಫ್ರಾನ್ಸಿಸ್ಕೋದ ಒಂದು ಸಭೆಯಲ್ಲಿ ಎಂಟು ಕತ್ತಿನ ಗಾಯಗಳ ಕುರಿತು ಮಾತಾಡುವಾಗ ಈ ಪದ ಬಳಸಿದರು. ತಲೆ ಹೇಗೆ ಚಲಿಸಿತು ಎಂಬುದನ್ನು ಹೇಳಲು ಬಳಸಿದ ಪದ ಅದು. ಜನ ಅದನ್ನೇ ಕಾಯಿಲೆಯ ಹೆಸರು ಮಾಡಿಕೊಂಡರು. ಎಷ್ಟೋ ವರ್ಷದ ಮೇಲೆ ಕ್ರೋ ಅವರೇ ಆ ಪದ ಬಳಸಿದ್ದಕ್ಕೆ ವಿಷಾದಪಟ್ಟರು. ‘ಕತ್ತು ಉಳುಕಿದೆ’ ಎಂದರೆ ವಾರದಲ್ಲಿ ವಾಸಿಯಾಗುವ ವಿಷಯ. ‘ಚಾಟಿಯೇಟು ಬಿದ್ದಿದೆ’ ಎಂದು ವೈದ್ಯನೇ ಹೇಳಿದರೆ ರೋಗಿ ಮನೆಗೆ ಹೋಗಿ ಕತ್ತು ಅಲ್ಲಾಡಿಸಲೂ ಹೆದರುತ್ತಾನೆ. ಅಲ್ಲಾಡಿಸದ ಕತ್ತು ಬಿಗಿಯುತ್ತದೆ, ಬಿಗಿದ ಕತ್ತು ನೋಯುತ್ತದೆ.

ಹಿಂದಿನಿಂದ ಡಿಕ್ಕಿಯಾದಾಗ ಒಳಗೆ ಆಗುವುದೇನು? ಸೀಟು ಬೆನ್ನನ್ನು ಮುಂದಕ್ಕೆ ತಳ್ಳುತ್ತದೆ; ತಲೆ ಮಾತ್ರ ಇದ್ದಲ್ಲೇ ಉಳಿಯುತ್ತದೆ. ಒಂದು ಗಳಿಗೆ ಕತ್ತು ಇಂಗ್ಲಿಷಿನ ಎಸ್ ಅಕ್ಷರದ ಹಾಗೆ ಬಾಗುತ್ತದೆ, ಕೆಳಗಿನ ಕೀಲುಗಳು ಹಿಂದಕ್ಕೆ, ಮೇಲಿನವು ಮುಂದಕ್ಕೆ. ಇದೆಲ್ಲ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದಿರುತ್ತದೆ. ಹೆಡ್‌ರೆಸ್ಟ್ ತಲೆಯ ಎತ್ತರಕ್ಕೆ ಸರಿಯಾಗಿ, ತಲೆಗೆ ಹತ್ತಿರವಾಗಿ ಇದ್ದರೆ ಈ ಬಾಗು ತಗ್ಗುತ್ತದೆ. ಈ ಸಭಾಂಗಣದಿಂದ ಹೊರಗೆ ಹೋದ ಕೂಡಲೇ ನಿಮ್ಮ ಕಾರಿನದ್ದನ್ನು ಒಮ್ಮೆ ನೋಡಿ. ಬಹಳ ಕಾರುಗಳಲ್ಲಿ ಅದು ಪೂರ್ತಿ ಕೆಳಗಿಳಿದೇ ಇರುತ್ತದೆ, ಹೆಗಲಿಗೆ ಆಸರೆ ಕೊಡುತ್ತಿರುತ್ತದೆ.

‘ಬಂಪರ್‌ಗೇ ಏನೂ ಆಗಿಲ್ಲ, ಕತ್ತಿಗೆ ಏನಾದೀತು?’ ಎಂದು ವಿಮಾ ಕಂಪನಿಯವರು ಕೇಳುತ್ತಾರೆ. ನೋಡುವುದಕ್ಕೆ ಸರಿಯಾದ ಪ್ರಶ್ನೆಯೇ. ಆದರೆ ಗಟ್ಟಿ ಬಂಪರ್ ಜಜ್ಜಿಹೋಗದೆ ನಿಂತಾಗ ಪೆಟ್ಟಿನ ಹೆಚ್ಚು ಪಾಲು ಒಳಗೆ ಕೂತವರಿಗೆ ದಾಟುತ್ತದೆ. ಕೆನಡಾದ ಸಂಶೋಧಕರು 1998ರಲ್ಲಿ ಪ್ರಕಟಿಸಿದ ಒಂದು ಪ್ರಯೋಗದಲ್ಲಿ 42 ಸ್ವಯಂಸೇವಕರನ್ನು ಕಾರಿನಲ್ಲಿ ಕೂರಿಸಿ ಹಿಂದಿನಿಂದ ಮೆಲ್ಲಗೆ ಗುದ್ದಿಸಿದರು. ಕಾರಿನ ವೇಗ ಗಂಟೆಗೆ 4 ಕಿಲೋಮೀಟರಿನಷ್ಟು ಬದಲಾದಾಗ ಶೇಕಡ 29 ಮಂದಿಗೆ, 8 ಕಿಲೋಮೀಟರಿನಷ್ಟು ಬದಲಾದಾಗ ಶೇಕಡ 38 ಮಂದಿಗೆ ನೋವೋ ತಲೆನೋವೋ ಕಾಣಿಸಿಕೊಂಡಿತು. ಹೆಚ್ಚಿನವರಿಗೆ ಬಹಳ ಬೇಗ ಹೋಯಿತು. ಹಾಗಾಗಿ ಸಣ್ಣ ಡಿಕ್ಕಿಗೆ ಕತ್ತು ನೋಯುವುದಿಲ್ಲ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ.

ಇನ್ನೊಂದು ಪ್ರಯೋಗ ಹೇಳುತ್ತೇನೆ, ನನ್ನ ಯೋಚನೆಯನ್ನೇ ತಿರುಗಿಸಿದ್ದು ಅದು. ಜರ್ಮನಿಯಲ್ಲಿ ನಡೆದದ್ದು, 2001ರಲ್ಲಿ ಪ್ರಕಟವಾಯಿತು. 51 ಜನರನ್ನು ಒಬ್ಬೊಬ್ಬರಾಗಿ ಕಾರಿನಲ್ಲಿ ಕೂರಿಸಿ, ಹಿಂದಿನಿಂದ ಡಿಕ್ಕಿಯಾಗುತ್ತದೆ ಎಂದು ನಂಬಿಸಿದರು. ಸದ್ದು ಕೇಳಿಸಿತು, ಗಾಜು ಒಡೆದಂತಾಯಿತು, ಕಾರು ಕೊಂಚ ಸರಿಯಿತು. ಕತ್ತಿಗೆ ಪೆಟ್ಟಾಗುವ ಯಾವ ಬಲವೂ ಇರಲಿಲ್ಲ. ಅಷ್ಟಾದರೂ ಮೂರು ದಿನದೊಳಗೆ ಐವರಲ್ಲಿ ಒಬ್ಬರಂತೆ ನೋವು, ಬಿಗಿತ ಎಂದರು. ಅವರಾರೂ ಪರಿಹಾರಕ್ಕೆ ಅರ್ಜಿ ಹಾಕಿದವರಲ್ಲ. ಸುಳ್ಳು ಹೇಳಿ ಅವರಿಗೆ ಬರುವುದೇನೂ ಇರಲಿಲ್ಲ. ಡಿಕ್ಕಿಯಾಯಿತು ಎಂಬ ನಂಬಿಕೆಯೇ ಕತ್ತನ್ನು ನೋಯಿಸಬಲ್ಲದು. ಆ ನೋವು ಅನುಭವಿಸುವವರಿಗೆ ನಿಜವೇ.

ಇಲ್ಲಿಂದ ಮುಂದೆ ನನ್ನ ವಾದ. ನಾವು ‘ಕಳ್ಳ’, ‘ಸಾಚಾ’ ಎಂದು ಜನರನ್ನು ಎರಡು ರಾಶಿ ಮಾಡುತ್ತೇವೆ. ಮೊದಲು ವ್ಯವಸ್ಥೆಯನ್ನು ನೋಡಬೇಕು. ಕೆನಡಾದ ಸಸ್ಕಾಚೆವಾನ್ ಪ್ರಾಂತ್ಯ 1995ರ ಜನವರಿ 1ರಂದು ಕಾನೂನು ಬದಲಾಯಿಸಿತು. ಅಲ್ಲಿಯವರೆಗೆ ತಪ್ಪು ಯಾರದ್ದೆಂದು ದಾವೆ ಹೂಡಿ ನೋವಿಗೂ ಯಾತನೆಗೂ ಹಣ ಪಡೆಯಬಹುದಿತ್ತು. ಆಮೇಲೆ ತಪ್ಪು ಯಾರದ್ದೇ ಇರಲಿ, ಚಿಕಿತ್ಸೆ ಮತ್ತು ಕಳೆದುಹೋದ ಸಂಬಳಕ್ಕೆ ನೇರ ನೆರವು ಸಿಗತೊಡಗಿತು. ಯಾತನೆಗೆ ಪ್ರತ್ಯೇಕ ಹಣ ನಿಂತಿತು. ಹಳೆಯ ಪದ್ಧತಿಯ ಕೊನೆಯ ಆರು ತಿಂಗಳಲ್ಲಿ ಲಕ್ಷ ಜನಕ್ಕೆ 417 ವಿಪ್‌ಲ್ಯಾಶ್ ಕ್ಲೇಮುಗಳಿದ್ದವು. ಮುಂದಿನ ಆರು ತಿಂಗಳಲ್ಲಿ 302ಕ್ಕೆ ಇಳಿದವು. ಒಂದು ಕ್ಲೇಮ್ ಮುಗಿಯಲು ಹಿಡಿಯುವ ಮಧ್ಯಮ ಅವಧಿ 433 ದಿನದಿಂದ 194 ದಿನಕ್ಕೆ ಬಂತು. ಹಾಗಾದರೆ ಅದಕ್ಕೆ ಮೊದಲು ಅರ್ಧ ಊರೇ ಸುಳ್ಳು ಹೇಳುತ್ತಿತ್ತೇ? ನಾನು ಹಾಗೆ ನಂಬುವುದಿಲ್ಲ. ನೋವು ಉಳಿದಷ್ಟೂ ಮೊತ್ತ ಏರುವ ಕಡೆ, ಫೈಲು ತೆರೆದಿರುವಷ್ಟು ದಿನವೂ ಮನುಷ್ಯ ದಿನಾ ಬೆಳಿಗ್ಗೆ ಎದ್ದು ತನ್ನ ಕತ್ತನ್ನು ಮುಟ್ಟಿನೋಡಿಕೊಳ್ಳುತ್ತಾನೆ. ಇನ್ನೂ ನೋಯುತ್ತಿದೆಯೇ ಎಂದು ವಕೀಲರು ಕೇಳುತ್ತಾರೆ, ವೈದ್ಯರು ಕೇಳುತ್ತಾರೆ, ಫಾರಂ ಕೇಳುತ್ತದೆ. ಅಷ್ಟು ಸಲ ಕೇಳಿದರೆ ಯಾರ ಕತ್ತಾದರೂ ‘ಹೌದು’ ಅಂದೀತು.

ಲಿಥುವೇನಿಯಾದ ಅಧ್ಯಯನವೂ ಇದೆ, 1996ರದ್ದು. ಪರಿಹಾರ ಪಡೆಯುವ ರೂಢಿಯೇ ಹೆಚ್ಚಾಗಿ ಇಲ್ಲದ ಆ ದೇಶದಲ್ಲಿ, ಹಿಂದಿನಿಂದ ಗುದ್ದಿಸಿಕೊಂಡಿದ್ದ 202 ಜನರನ್ನು ಒಂದರಿಂದ ಮೂರು ವರ್ಷದ ನಂತರ ಕೇಳಿದರು. ಶೇಕಡ 35 ಮಂದಿಗೆ ಕತ್ತುನೋವಿತ್ತು. ಅಪಘಾತವೇ ಆಗದ ಜನರಲ್ಲಿ ಎಷ್ಟು? ಶೇಕಡ 33. ವಿಮಾ ಕಂಪನಿಗಳ ಪರ ವಕೀಲರು ಇದನ್ನು ಬಾಯಿಪಾಠ ಮಾಡಿಕೊಂಡಿದ್ದಾರೆ. ಆ 202 ಜನರಲ್ಲಿ ಬಹುಪಾಲು ಮಂದಿಗೆ ಡಿಕ್ಕಿಯಾದಾಗಲೂ ಕತ್ತು ನೋಯ್ದಿರಲಿಲ್ಲ ಎಂಬುದನ್ನು ಅವರು ಹೇಳುವುದಿಲ್ಲ. ನಾನು ಆ ಅಧ್ಯಯನದಿಂದ ಕಲಿತದ್ದು ಇಷ್ಟೇ: ಕತ್ತುನೋವು ಮನುಷ್ಯಕುಲಕ್ಕೇ ಬಹಳ ಸಾಮಾನ್ಯ. ಅಪಘಾತವಾದವನಿಗೆ ಅದರ ಕಾರಣ ಹುಡುಕಲು ದೂರ ಹೋಗಬೇಕಿಲ್ಲ.

ಎಂಆರ್‌ಐ ತೆಗೆದರೆ ಸತ್ಯ ಗೊತ್ತಾಗುವುದಿಲ್ಲವೇ ಎಂದು ನೀವು ಕೇಳಬಹುದು. ಡಿಸ್ಕ್ ಅಂದರೆ ಕತ್ತಿನ ಮೂಳೆಗಳ ನಡುವಿನ ಮೆತ್ತೆ. ಅದರ ಸವೆತ, ಉಬ್ಬು ನೋವೇ ಇಲ್ಲದವರಲ್ಲೂ ಧಾರಾಳವಾಗಿ ಕಾಣುತ್ತದೆ, ವಯಸ್ಸಾದಂತೆ ಹೆಚ್ಚುತ್ತದೆ. ಕೂದಲು ನೆರೆತಂತೆ ಅದೂ. ಆ ಸವೆತಕ್ಕೆ ಡಿಕ್ಕಿಯ ತಾರೀಖು ಅಂಟಿಸಿ ವರದಿ ಬರೆಯುವ ವೈದ್ಯರಿದ್ದಾರೆ. ಇದನ್ನು ನನ್ನ ವೃತ್ತಿಯವರ ಮುಂದೆಯೂ ಹೇಳಿದ್ದೇನೆ, ಇಲ್ಲೂ ಹೇಳುತ್ತೇನೆ: ಸುಳ್ಳು ಕ್ಲೇಮ್ ಒಬ್ಬನಿಂದ ಆಗುವುದಿಲ್ಲ. ಫೋನ್ ಮಾಡಿ ‘ನಿಮಗೆ ಅಪಘಾತವಾಗಿತ್ತಂತಲ್ಲ’ ಎಂದು ಆಸೆ ಹುಟ್ಟಿಸುವ ದಲ್ಲಾಳಿ ಬೇಕು, ಅಚ್ಚು ಹಾಕಿದಂಥ ಹೇಳಿಕೆ ಬರೆಯುವವರು ಬೇಕು, ಮುಟ್ಟಿಯೂ ನೋಡದೆ ಸಹಿ ಹಾಕುವ ವೈದ್ಯನೂ ಬೇಕು. ಸಿಕ್ಕಿಬೀಳುವಾಗ ಮಾತ್ರ ಕಾರಿನಲ್ಲಿ ಕೂತಿದ್ದವನು ಒಬ್ಬನೇ ಸಿಕ್ಕಿಬೀಳುತ್ತಾನೆ.

ಇಂಗ್ಲೆಂಡ್ ಮತ್ತು ವೇಲ್ಸ್ 2021ರ ಮೇ 31ರಿಂದ ಇದಕ್ಕೊಂದು ದರಪಟ್ಟಿ ತಂದವು. ಮೂರು ತಿಂಗಳೊಳಗೆ ವಾಸಿಯಾದ ಕತ್ತಿಗೆ ಆಗ 240 ಪೌಂಡ್ ಇತ್ತು. ಹದಿನೆಂಟರಿಂದ ಇಪ್ಪತ್ತನಾಲ್ಕು ತಿಂಗಳಾದರೆ 4,215 ಪೌಂಡ್ ಇತ್ತು. ವೈದ್ಯಕೀಯ ವರದಿಯೇ ಇಲ್ಲದೆ ‘ಇಷ್ಟು ತಗೊಂಡು ಮುಗಿಸಿ’ ಎಂದು ರಾಜಿಮಾಡುವುದನ್ನೂ ನಿಷೇಧಿಸಿದರು. ಈ ಎರಡನೆಯದನ್ನು ನಾನು ಮನಸಾರೆ ಒಪ್ಪುತ್ತೇನೆ. ವಿಚಾರಣೆಯ ಖರ್ಚಿಗಿಂತ ಕೊಟ್ಟು ಕಳಿಸುವುದೇ ಅಗ್ಗ ಎಂದು ವಿಮಾ ಕಂಪನಿಗಳೇ ಎಷ್ಟೋ ವರ್ಷ ಸುಳ್ಳಿಗೆ ನೀರೆರೆದವು. ದರಪಟ್ಟಿಯ ಬಗ್ಗೆ ನನಗೆ ಸಮಾಧಾನವಿಲ್ಲ. ಸುಳ್ಳುಗಾರನ ಮೇಲಿನ ಸಿಟ್ಟಿಗೆ ಸಾಚಾ ಗಾಯಾಳುವಿನ ಪರಿಹಾರ ಕತ್ತರಿಸಿದಂತಾಯಿತು. ಮೇಲಾಗಿ ನೋವಿನ ತಿಂಗಳು ಎಣಿಸಿಯೇ ಹಣ ಕೊಡುವ ಚಟ ಅಲ್ಲೂ ಉಳಿಯಿತು.

ಬೇಕೆಂದೇ ಡಿಕ್ಕಿ ಮಾಡಿಸುವ ಗುಂಪುಗಳ ಮಾತು ಬೇರೆಯೇ. ಎದುರಿಗೆ ಹೋಗಿ ಕಾರಣವಿಲ್ಲದೆ ಗಕ್ಕನೆ ಬ್ರೇಕ್ ಹಾಕುತ್ತಾರೆ, ಹಿಂದಿನವರು ಗುದ್ದಲಿ ಎಂದು. 2011ರಲ್ಲಿ ಇಂಗ್ಲೆಂಡಿನಲ್ಲಿ ಹೀಗೆ ಮಾಡಿಸಿದ ಡಿಕ್ಕಿಯ ಸರಣಿಯಲ್ಲಿ ಏನೂ ಅರಿಯದ ಮಹಿಳೆಯೊಬ್ಬರು ಸತ್ತರು. ಅಮೆರಿಕದ ನ್ಯೂ ಆರ್ಲಿಯನ್ಸ್‌ನಲ್ಲಿ ದೊಡ್ಡ ಟ್ರಕ್ಕುಗಳಿಗೆ ಬೇಕೆಂದೇ ತಾಗಿಸಿ ಕ್ಲೇಮ್ ಮಾಡುತ್ತಿದ್ದ ಜಾಲವನ್ನು ಸರ್ಕಾರ ಬಯಲಿಗೆಳೆಯುತ್ತಿದ್ದಾಗ, 2020ರಲ್ಲಿ ತನಿಖೆಗೆ ನೆರವಾಗುತ್ತಿದ್ದ ಒಬ್ಬನನ್ನು ಗುಂಡಿಕ್ಕಿ ಕೊಂದರು. ಇವರನ್ನು ಕತ್ತುನೋವಿನ ಚರ್ಚೆಗೆ ಎಳೆಯಬೇಡಿ. ಇವರು ಬರಿಯ ಅಪರಾಧಿಗಳು.

ಕೊನೆಯದಾಗಿ ನನ್ನದೇ ಒಂದು ತಪ್ಪು. ಅನುಮಾನ ಅಭ್ಯಾಸವಾದರೆ ಏನಾಗುತ್ತದೆ ಎಂಬುದು ನನಗೆ ಗೊತ್ತಾದದ್ದು ಅದರಿಂದ. ಮಧ್ಯವಯಸ್ಸಿನ ಒಬ್ಬ ಮಹಿಳೆ ಬಂದಿದ್ದರು. ನಿಂತ ಕಾರು, ಹಿಂದಿನಿಂದ ಡಿಕ್ಕಿ, ಬಂಪರ್ ಮೇಲೆ ಗೀರೂ ಇಲ್ಲ. ಫೈಲಿನ ಮೇಲೆ ಯಾರೋ ಪೆನ್ಸಿಲಿನಲ್ಲಿ ‘ಅನುಮಾನಾಸ್ಪದ’ ಎಂದು ಬರೆದಿದ್ದರು. ಆ ದಿನ ಬೆಳಿಗ್ಗೆಯೇ ನಾನು ಇಂಥ ಎರಡು ಸುಳ್ಳು ಕ್ಲೇಮ್ ನೋಡಿ ಬೇಸತ್ತಿದ್ದೆ. ಎಲ್ಲಿ ನೋವು ಎಂದು ಕೇಳಿದೆ. ಅವರು ಕತ್ತಿನ ಮಾತು ಹೆಚ್ಚು ಆಡಲಿಲ್ಲ. ‘ಡಾಕ್ಟ್ರೇ, ಕುರ್ಚಿಯಿಂದ ಏಳುವಾಗ ಬಲಗೈ ಊರಿದರೆ ಮಡಚಿಕೊಳ್ಳುತ್ತೆ’ ಅಂದರು. ನಾನು ಅದನ್ನು ಬರೆದುಕೊಳ್ಳಲೂ ಇಲ್ಲ. ಕತ್ತು ತಿರುಗಿಸಿ ನೋಡಿದೆ, ಕಳಿಸಿದೆ.

ವರದಿ ಬರೆಯಲು ಕೂತಾಗ ಆ ಮಾತು ಮತ್ತೆ ಕಿವಿಗೆ ಬಿತ್ತು. ಸುಳ್ಳು ಹೇಳುವವರು ಕತ್ತು ಅನ್ನುತ್ತಾರೆ, ತಲೆನೋವು ಅನ್ನುತ್ತಾರೆ; ಕುರ್ಚಿಯಿಂದ ಏಳುವಾಗ ಕೈ ಮಡಚಿಕೊಳ್ಳುತ್ತದೆ ಎಂದು ಯಾರೂ ಹೊಂಚಿ ಹೇಳುವುದಿಲ್ಲ. ಮತ್ತೆ ಕರೆಸಿದೆ. ಮೊಣಕೈ ಮಡಚಿಸಿ, ನನ್ನ ಕೈಯನ್ನು ದೂರ ತಳ್ಳಿ ಎಂದೆ. ಎಡಗೈ ತಳ್ಳಿತು, ಬಲಗೈಯಲ್ಲಿ ಶಕ್ತಿಯೇ ಇರಲಿಲ್ಲ. ಸುತ್ತಿಗೆಯಿಂದ ಮೊಣಕೈ ಹಿಂದೆ ಬಡಿದೆ. ಎಡಗೈ ಜಿಗಿಯಿತು, ಬಲಗೈ ಸುಮ್ಮನಿತ್ತು. ಆ ಪ್ರತಿಕ್ರಿಯೆಯನ್ನು ಯಾರೂ ನಟಿಸಿ ಅಡಗಿಸಿಡುವುದು ಸುಲಭವಲ್ಲ. ಕತ್ತಿನ ಏಳನೆಯ ನರ ಒತ್ತಿಹೋಗಿತ್ತು.

ವರದಿ ತಿದ್ದಿ ಬರೆದೆ, ಮೊದಲ ದಿನ ನಾನು ಪೂರ್ತಿ ಪರೀಕ್ಷಿಸಿರಲಿಲ್ಲ ಎಂಬುದನ್ನೂ ಅದರಲ್ಲಿ ಸೇರಿಸಿದೆ. ಆಕೆ ಒಂದು ನಕಲು ಹೆಚ್ಚು ಕೇಳಿದರು. ವಕೀಲರಿಗೆ ಈಗಾಗಲೇ ಕಳಿಸಿದ್ದೇನಲ್ಲ ಅಂದೆ.

‘ವಕೀಲರಿಗಲ್ಲ ಡಾಕ್ಟ್ರೇ, ನಮ್ಮ ಮನೆಯವರಿಗೆ ತೋರಿಸಬೇಕಿತ್ತು’ ಅಂದರು.