ನೀರಿದ್ದಷ್ಟೇ ನೆಂಟರು

ಎಲ್ಲರಿಗೂ ನಮಸ್ಕಾರ. ಇಲ್ಲಿ ಪಂಚಾಯಿತಿ ಸದಸ್ಯರಿದ್ದೀರಿ, ಸ್ವಸಹಾಯ ಸಂಘದ ಅಕ್ಕಂದಿರಿದ್ದೀರಿ, ಗೈಡ್ ಆಗಬೇಕು ಅಂತ ಬಂದಿರುವ ಹುಡುಗ ಹುಡುಗಿಯರಿದ್ದೀರಿ. ಪರಿಸರ ಪ್ರವಾಸ ಅಂದರೆ ಏನು ಅಂತ ವಿವರಿಸುತ್ತಾ ಹೊತ್ತು ಕಳೆಯುವುದಿಲ್ಲ. ನಾನು ಹೇಳಬೇಕಿರುವುದು ಒಂದೇ ಮಾತು. ನಮ್ಮ ಚಿತ್ರದುರ್ಗದ ಸೀಮೆಯಲ್ಲಿ ಪ್ರವಾಸೋದ್ಯಮದ ಯೋಜನೆ ನೀರಿನಿಂದ ಶುರುವಾಗಬೇಕು. ರಸ್ತೆ, ರೆಸಾರ್ಟ್, ಬೋರ್ಡು ಎಲ್ಲ ಆಮೇಲೆ. ಎಷ್ಟು ಜನ ಬರಬಹುದು ಅನ್ನುವುದನ್ನು ಊರಿನ ನೀರು ನೋಡಿ ಊರಿನವರೇ ಹೇಳಬೇಕು.

ನಮ್ಮ ಹಿರಿಯರು ಹೀಗೇ ಯೋಚಿಸಿದ್ದರು. ಕೋಟೆಗೆ ಹೋಗಿ ನೋಡಿ. ಗೋಪಾಲಸ್ವಾಮಿ ಹೊಂಡ ತುಂಬಿದರೆ ನೀರು ಅಕ್ಕ-ತಂಗಿ ಹೊಂಡಕ್ಕೆ ಇಳಿಯುತ್ತದೆ. ಅಲ್ಲಿಂದ ಕೆಳಗೆ ಸಿಹಿನೀರು ಹೊಂಡ, ಸಂತೆ ಹೊಂಡ. ಬಂಡೆ ಮೇಲೆ ಬಿದ್ದ ಮಳೆಯನ್ನು ಹೀಗೆ ಹಿಡಿದಿಟ್ಟುಕೊಂಡೇ ಅಷ್ಟು ದೊಡ್ಡ ಕೋಟೆ ಬದುಕಿತು. ಚಂದ್ರವಳ್ಳಿಯಲ್ಲಿ 4ನೇ ಶತಮಾನದ ಮಯೂರಶರ್ಮನ ಶಾಸನವಿದೆ. ಕದಂಬ ರಾಜ ಅಲ್ಲಿ ಬರೆಸಿದ್ದೂ ಕೆರೆಯ ಸಂಗತಿಯೇ.

ಈಗ ಒಂದು ಸಣ್ಣ ಲೆಕ್ಕ ಹಾಕೋಣ. ಜಲ ಜೀವನ್ ಮಿಷನ್‌ನಲ್ಲಿ ಹಳ್ಳಿಯ ಒಬ್ಬರಿಗೆ ದಿನಕ್ಕೆ 55 ಲೀಟರ್ ನೀರು ಅಂತ ಇಟ್ಟಿದ್ದಾರೆ. ನಗರಗಳ ನೀರಿನ ಯೋಜನೆಯಲ್ಲಿ ಅದು 135 ಲೀಟರ್. ನಗರದಿಂದ ಬಂದವರು ಮನೆಯಲ್ಲಿ ಬಳಸಿದ ಹಾಗೇ ಇಲ್ಲೂ ಬಳಸಿದರೆ 20 ಜನಕ್ಕೆ 2,700 ಲೀಟರ್ ಬೇಕು. ಅದು ನಿಮ್ಮೂರಿನ 49 ಜನರ ಪಾಲು. ಈಜುಕೊಳ ಕಟ್ಟಿದರೆ ಕೇಳುವುದೇ ಬೇಡ. ಷವರ್ ಬಿಟ್ಟು ಬಕೆಟ್ ಇಟ್ಟರೆ, ಸ್ನಾನದ ನೀರನ್ನು ತೋಟಕ್ಕೆ ಬಿಟ್ಟರೆ ಈ ಲೆಕ್ಕ ಎಷ್ಟೋ ಇಳಿಯುತ್ತದೆ. ಇನ್ನೊಂದು ಮುಖ್ಯ ವಿಷಯ. ಅಕ್ಟೋಬರ್‌ನಲ್ಲಿ ಕೆರೆ ತುಂಬಿರುವಾಗ ಈ ಲೆಕ್ಕ ಹಾಕಬೇಡಿ, ಏಪ್ರಿಲ್‌ನಲ್ಲಿ ಹಾಕಿ. ರಾಜ್ಯದಲ್ಲೇ ತೀರಾ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಲ್ಲಿ ನಮ್ಮ ಚಳ್ಳಕೆರೆ ಒಂದು. ಅಲ್ಲಿ ಬೇಸಿಗೆಯ ಬೋರ್‌ವೆಲ್ ಹೇಳಿದ್ದೇ ಕೊನೆ ಮಾತು. ಆ ತಿಂಗಳು ಐದೇ ಜನಕ್ಕೆ ನೀರಿದ್ದರೆ ಐದೇ ಜನ. ನೀರೇ ಇಲ್ಲ ಅಂದರೆ ಬಾಗಿಲು ಹಾಕಬೇಕು.

ಬರುವವರನ್ನು ತಡೆಯೋಕಾಗುತ್ತಾ ಅಂತ ಕೇಳಬಹುದು. ಆಗುತ್ತದೆ. 2024ರ ಜನವರಿಯಲ್ಲಿ ಕುಮಾರ ಪರ್ವತಕ್ಕೆ ಸಾವಿರಾರು ಜನ ಒಟ್ಟಿಗೇ ನುಗ್ಗಿದ್ದು ನೆನಪಿದೆಯಲ್ವಾ? ಅದಾದ ಮೇಲೆ ಸರ್ಕಾರ ಚಾರಣಕ್ಕೆ ಆನ್‌ಲೈನ್ ಬುಕಿಂಗ್ ತಂದು, ದಿನಕ್ಕೆ ಇಂತಿಷ್ಟೇ ಜನ ಅಂತ ಮಿತಿ ಹಾಕಿತು. ಆದರೆ ಅಲ್ಲಿ ಮಿತಿ ಬಂದದ್ದು ನೂಕುನುಗ್ಗಲು ಆದಮೇಲೆ. ನಮ್ಮಲ್ಲೂ 2022ರಲ್ಲಿ ವಾಣಿವಿಲಾಸ ಸಾಗರ ಜಲಾಶಯ ಕೋಡಿ ಬಿತ್ತು. 1933ರ ನಂತರ ಅದೇ ಮೊದಲು. ಜನ ಹಿಂಡುಹಿಂಡಾಗಿ ಬಂದರು. ಅಷ್ಟು ವರ್ಷ ಕಾದ ನೀರು, ನೋಡುವ ಆಸೆ ಯಾರಿಗಿರಲ್ಲ? ಇಂಥ ದಿನಕ್ಕೆ ಎಷ್ಟು ಗಾಡಿ ನಿಲ್ಲಬೇಕು, ಶೌಚಾಲಯ ಎಲ್ಲಿರಬೇಕು, ಎಲ್ಲಿಂದ ಆಚೆ ಯಾರನ್ನೂ ಬಿಡಬಾರದು ಅನ್ನುವುದನ್ನು ಕೋಡಿ ಬೀಳುವ ಮೊದಲೇ ಬರೆದಿಟ್ಟಿರಬೇಕು.

ಪಕ್ಕದ ದಾವಣಗೆರೆ ಜಿಲ್ಲೆಗೆ ಬನ್ನಿ. ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗದ ಕಾಡು 2011ರಲ್ಲಿ ಕೊಂಡುಕುರಿಗಾಗಿ ಅಭಯಾರಣ್ಯವಾಯಿತು. ಕೊಂಡುಕುರಿ ಭಾರತ, ನೇಪಾಳ ಬಿಟ್ಟರೆ ಬೇರೆ ಎಲ್ಲೂ ಕಾಡಿನಲ್ಲಿ ಸಿಗುವುದಿಲ್ಲ. ಗಂಡಿಗೆ ನಾಲ್ಕು ಕೊಂಬು. ತುಂಬಾ ನಾಚಿಕೆಯ ಪ್ರಾಣಿ. ಸಾಮಾನ್ಯವಾಗಿ ಒಂಟಿಯಾಗೇ ಇರುತ್ತದೆ, ಸದ್ದಾದರೆ ಹುಲ್ಲಿನಲ್ಲಿ ಅಡಗುತ್ತದೆ. ನೀರು ಬಿಟ್ಟು ದೂರ ಇರಲಾರದು. ಬೇಸಿಗೆಯಲ್ಲಿ ನೀರಿನ ಗುಂಡಿಯ ಹತ್ತಿರ ಒಂದು ಜೀಪು ನಿಂತರೆ ಸಾಕು, ಅದು ಬಾಯಾರಿಕೊಂಡೇ ವಾಪಸ್ ಹೋಗುತ್ತದೆ. ಇಂಥ ಕಾಡಿಗೆ ಸಫಾರಿ ಹೊಂದುವುದಿಲ್ಲ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಅರಣ್ಯ ಇಲಾಖೆಯ ಅನುಮತಿ ಪಡೆದು, ನೀರಿನ ತಾಣದಿಂದ ದೂರದಲ್ಲಿ, ನಾಲ್ಕೈದು ಜನರ ಗುಂಪು ನಡೆದುಕೊಂಡು ಹೋಗಲಿ. ಗೈಡ್ ಆಗುವ ಮಕ್ಕಳೇ, ‘ಕೊಂಡುಕುರಿ ತೋರಿಸ್ತೀವಿ’ ಅಂತ ಯಾರಿಗೂ ಮಾತು ಕೊಡಬೇಡಿ. ಅದು ಪದೇ ಪದೇ ಒಂದೇ ಜಾಗದಲ್ಲಿ ಹಾಕುವ ಹಿಕ್ಕೆ ತೋರಿಸಿ, ಗೊರಸಿನ ಗುರುತು ತೋರಿಸಿ, ಮುತ್ತುಗ ಹೂ ಬಿಟ್ಟಿದ್ದರೆ ಅದರ ಮೇಲೆ ಕೂರುವ ಹಕ್ಕಿಗಳನ್ನು ತೋರಿಸಿ.

ಆ ಕಾಡನ್ನು ಚೆನ್ನಾಗಿ ಬಲ್ಲವರು ಕುರಿ, ಮೇಕೆ ಮೇಯಿಸುವವರು. ಮೇಕೆಯವನನ್ನು ಆಚೆ ಕಳಿಸಿ ಕಾರಿನವನನ್ನು ಒಳಗೆ ಕರೆದರೆ ಯಾವ ಊರು ಕಾಡಿನ ಪರ ನಿಲ್ಲುತ್ತದೆ ಹೇಳಿ? ಕೇರಳದ ಪೆರಿಯಾರ್‌ನಲ್ಲಿ 1990ರ ದಶಕದಲ್ಲಿ ಒಂದು ದೊಡ್ಡ ಕೆಲಸ ನಡೆಯಿತು. ಕಾಡಿನಿಂದ ಮರದ ತೊಗಟೆ ಕದ್ದು ಮಾರುತ್ತಿದ್ದವರನ್ನೇ ಕರೆದು ಗೈಡ್ ಮಾಡಿದರು. ಅವರೇ ಕಾಡು ಕಾಯುವವರೂ ಆದರು. ಕಾಡಿನ ದಾರಿಯೆಲ್ಲ ಅವರಿಗೆ ಮೊದಲೇ ಗೊತ್ತಿತ್ತು, ಸಂಬಳ ಮಾತ್ರ ಹೊಸದು.

ಇನ್ನು ನಮ್ಮ ಜನರ ಬದುಕಿನ ವಿಷಯ. ಚಳ್ಳಕೆರೆ, ಮೊಳಕಾಲ್ಮೂರು ಕಡೆ ದನ ಸಾಕುವ ಮ್ಯಾಸಬೇಡ ಸಮುದಾಯದವರು ದೇವರ ಎತ್ತುಗಳನ್ನು ಸಾಕುತ್ತಾರೆ. ಅವನ್ನು ನೊಗಕ್ಕೆ ಕಟ್ಟುವುದಿಲ್ಲ, ಕಿಲಾರಿಗಳು ಕಾಯುತ್ತಾರೆ. ಬರ ಬಂದಾಗ ಮೇವಿಗೆ, ನೀರಿಗೆ ಅವರು ಪಡುವ ಪಾಡು ನೋಡಲಾಗುವುದಿಲ್ಲ. ಅಲ್ಲಿಗೆ ಹೊರಗಿನವರು ಬರಬಹುದಾ, ಯಾವ ದಿನ, ಎಲ್ಲಿ ಚಪ್ಪಲಿ ಬಿಡಬೇಕು, ಫೋಟೋ ತೆಗೆಯಬಹುದಾ? ಇದನ್ನು ಹೇಳುವ ಹಕ್ಕು ಕಿಲಾರಿಗಳದ್ದು, ಆ ದೇವರ ಗುಡಿಯ ಯಜಮಾನರದ್ದು. ಬೇಡ ಅಂದರೆ ಮುಗಿಯಿತು, ಒತ್ತಾಯ ಮಾಡಬಾರದು. ಬನ್ನಿ ಅಂದರೆ, ಬಂದ ಹಣದಲ್ಲಿ ಮೊದಲ ಪಾಲು ಮೇವಿಗೆ ಹೋಗಲಿ. ಆ ಎತ್ತುಗಳು ಮೇಯುವ ಹುಲ್ಲುಗಾವಲನ್ನು ಪಾಳು ಜಮೀನು ಅಂತ ಕರೆದು ಟೆಂಟ್ ಹಾಕಲು ಕೊಡುವುದಂತೂ ಬೇಡವೇ ಬೇಡ.

ಕಾಡುಗೊಲ್ಲರು ವಾಸಿಸುವ ಗೊಲ್ಲರಹಟ್ಟಿಗಳ ಬಗ್ಗೆ ಒಂದು ಮಾತು, ಸ್ವಲ್ಪ ಖಾರವಾಗಿಯೇ ಹೇಳುತ್ತೇನೆ. ಮುಟ್ಟಾದ ಹೆಣ್ಣುಮಕ್ಕಳನ್ನು, ಬಾಣಂತಿಯರನ್ನು ಹಟ್ಟಿಯಿಂದ ಹೊರಗೆ ಇಡುವ ಪದ್ಧತಿ ಇನ್ನೂ ಕೆಲವು ಕಡೆ ಇದೆ. ಅದು ನಿಲ್ಲಬೇಕು. ಅದನ್ನು ‘ಸಂಸ್ಕೃತಿ’ ಅಂತ ಪ್ರವಾಸಿಗರಿಗೆ ತೋರಿಸುವ ಗೈಡ್ ನಮಗೆ ಬೇಡ. ಅವರ ವೀರ ಜುಂಜಪ್ಪನ ಪದ ಹಾಡುವವರಿದ್ದಾರೆ, ಅವರು ಒಪ್ಪಿದರೆ ಅವರನ್ನು ಕೂರಿಸಿ, ಇಡೀ ರಾತ್ರಿ ಕೇಳಿಸಿ, ಮರ್ಯಾದೆಯ ಸಂಭಾವನೆ ಕೊಡಿ. ಹತ್ತು ನಿಮಿಷದ ಷೋ ಮಾಡಿಸಬೇಡಿ.

ಹಣ ಊರಲ್ಲಿ ಉಳಿಯಬೇಕಾದರೆ ಜನ ಒಂದು ರಾತ್ರಿ ಉಳಿಯಬೇಕು. ಬೆಂಗಳೂರು ಇಲ್ಲಿಗೆ ಸುಮಾರು 200 ಕಿಲೋಮೀಟರ್. ಬೆಳಿಗ್ಗೆ ಬಂದು ಕೋಟೆ ಹತ್ತಿ ಸಂಜೆ ಹೆದ್ದಾರಿ ಹಿಡಿಯುವವರು ನಮಗೆ ಬಿಟ್ಟು ಹೋಗುವುದು ಜಾಸ್ತಿ ಖಾಲಿ ಬಾಟಲಿಯನ್ನೇ. ಉಳಿದವರು ಹೊಸದುರ್ಗದ ಸಾಮೆ ಅನ್ನ ಉಣ್ಣುತ್ತಾರೆ, ಮರುದಿನ ಮೊಳಕಾಲ್ಮೂರಿನಲ್ಲಿ ಮಗ್ಗದ ಮುಂದೆ ಕೂರುತ್ತಾರೆ. ಅಲ್ಲಿನ ರೇಷ್ಮೆ ಸೀರೆಗೆ ಜಿಐ, ಅಂದರೆ ಆ ಊರಿನದೇ ವಿಶೇಷ ಅನ್ನುವ ಭೌಗೋಳಿಕ ಗುರುತು ಇದೆ. ಒಂದು ಸೀರೆಗೆ ಎಷ್ಟು ದಿನದ ದುಡಿಮೆ ಅಂತ ಕಣ್ಣಾರೆ ನೋಡಿದವರು ನೇಕಾರರ ಹತ್ತಿರ ಚೌಕಾಸಿ ಮಾಡುವುದು ಕಡಿಮೆ. ಅಲ್ಲೇ ಹತ್ತಿರದಲ್ಲಿ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ. ಮೂರು ಕಡೆಯೂ ಅಶೋಕನ ಶಾಸನಗಳಿವೆ.

ಹೀಗೆ ಬಂದ ಹಣದ ಲೆಕ್ಕವನ್ನು ಗ್ರಾಮಸಭೆಯಲ್ಲಿ ಎಲ್ಲರ ಮುಂದೆ ಓದಬೇಕು. ಯಾರ ಮನೆಗೆ ಎಷ್ಟು ನೆಂಟರು ಬಂದರು, ಕಸ ಸಾಗಿಸಲು ಎಷ್ಟು ಖರ್ಚಾಯಿತು, ಬೋರ್‌ವೆಲ್ ಎಷ್ಟು ಗಂಟೆ ಓಡಿತು, ಎಲ್ಲ ಬರಲಿ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ನಿಮ್ಮಲ್ಲಿ ಅದು ಬರೀ ಕಾಗದದ ಮೇಲಿದ್ದರೆ ಎಬ್ಬಿಸಿ, ಈ ಕೆಲಸ ಅದಕ್ಕೆ ಕೊಡಿ. ಮುಂದಿನ ಗ್ರಾಮಸಭೆಗೆ ಬೇಸಿಗೆಯ ನೀರಿನ ಲೆಕ್ಕ ಬರೆದುಕೊಂಡು ಬನ್ನಿ. ಯಾವ ಊರಿನವರು ಕರೆದರೂ ಬರುತ್ತೇನೆ, ಕೂತು ನಿಮ್ಮೂರಿಗೆ ಎಷ್ಟು ಜನ ಅಂತ ಒಟ್ಟಿಗೆ ಗೊತ್ತುಮಾಡೋಣ. ಈಗ ನಿಮ್ಮ ಪ್ರಶ್ನೆಗಳನ್ನು ಕೇಳಿ. ಹಿಂದೆ ಕೂತಿರುವ ಅಕ್ಕಂದಿರಿಂದಲೇ ಶುರುವಾಗಲಿ.