ಒಬ್ಬ ಕೇಳುಗ, ಒಂದು ಗಂಟೆ

ಕೇಳುಗ ಬಂಧುಗಳಿಗೆ ನಮಸ್ಕಾರ.

ಇಂಟರ್ನೆಟ್ ರೇಡಿಯೊ ನಡೆಸುವವರು ಎದುರಿಗೆ ಸಿಕ್ಕರೆ ಎಲ್ಲರೂ ಕೇಳುವ ಪ್ರಶ್ನೆ ಒಂದೇ: 'ನಿಮಗೆ ಎಷ್ಟು ಜನ ಕೇಳುಗರಿದ್ದಾರೆ?' ಬಂಡವಾಳ ಹಾಕುವವರೂ ಇದನ್ನೇ ಕೇಳುತ್ತಾರೆ, ಜಾಹೀರಾತು ಕೊಡುವವರೂ ಇದನ್ನೇ ಕೇಳುತ್ತಾರೆ. ಸ್ವಂತ ರೇಡಿಯೊ ಶುರು ಮಾಡಬೇಕೆಂದು ಸಲಹೆ ಕೇಳಿಕೊಂಡು ಬರುವ ಹುಡುಗ ಹುಡುಗಿಯರ ಬಾಯಲ್ಲೂ ಇದೇ ಪ್ರಶ್ನೆ. ಇಷ್ಟು ವರ್ಷ ಈ ಕೆಲಸದಲ್ಲಿದ್ದ ಮೇಲೆ ನನಗೆ ಮುಖ್ಯ ಅನ್ನಿಸುವ ಪ್ರಶ್ನೆ ಬೇರೆ. ಒಬ್ಬ ಕೇಳುಗ ಒಂದು ಗಂಟೆ ನಮ್ಮ ರೇಡಿಯೊ ಕೇಳಿದರೆ ನಮಗೆ ತಗಲುವ ಖರ್ಚೆಷ್ಟು? ಆ ಖರ್ಚನ್ನು ಕೊಡುವವರು ಯಾರು? ವ್ಯಾಪಾರ, ದುಡ್ಡು, ಕೈಗೆತ್ತಿಕೊಂಡ ಯೋಜನೆಯನ್ನು ಬಿಡಬೇಕೋ ಮುಂದುವರಿಸಬೇಕೋ ಎಂಬ ಗೊಂದಲ, ಎಲ್ಲದಕ್ಕೂ ನಾನು ಮೊದಲು ತೆಗೆದು ನೋಡುವುದು ಈ ಲೆಕ್ಕವನ್ನೇ.

ಗೋಪುರ ಕಟ್ಟಿ ಪ್ರಸಾರ ಮಾಡುವ ರೇಡಿಯೊಗೆ ಈ ತಲೆಬಿಸಿ ಇಲ್ಲ. ಟ್ರಾನ್ಸ್‌ಮಿಟರ್ ಚಾಲೂ ಆದ ಮೇಲೆ ಹತ್ತು ಜನ ಕೇಳಲಿ, ಹತ್ತು ಲಕ್ಷ ಜನ ಕೇಳಲಿ, ಕರೆಂಟ್ ಬಿಲ್ಲು ಒಂದೇ. ನಮ್ಮಲ್ಲಿ ಹಾಗಲ್ಲ. ಕೇಳುವ ಪ್ರತಿಯೊಬ್ಬರಿಗೂ ಸರ್ವರ್‌ನಿಂದ ಪ್ರತ್ಯೇಕವಾಗಿ ಧ್ವನಿ ಹರಿದು ಹೋಗಬೇಕು. ಸೆಕೆಂಡಿಗೆ 128 ಕಿಲೋಬಿಟ್ ಗುಣಮಟ್ಟದಲ್ಲಿ ಕಳಿಸಿದರೆ ಒಬ್ಬರಿಗೆ ಗಂಟೆಗೆ ಸುಮಾರು 58 ಮೆಗಾಬೈಟ್ ಆಗುತ್ತದೆ. ಸಾವಿರ ಜನ ಒಟ್ಟಿಗೆ ಕೇಳಿದರೆ ಗಂಟೆಗೆ 58 ಗಿಗಾಬೈಟ್, ಹಗಲು ರಾತ್ರಿ ಅಷ್ಟೇ ಜನ ಇದ್ದರೆ ದಿನಕ್ಕೆ ಹೆಚ್ಚುಕಡಿಮೆ 1.4 ಟೆರಾಬೈಟ್. ಕಾರ್ಯಕ್ರಮ ಜನರಿಗೆ ಹಿಡಿಸಿತು ಎಂದು ನಾವು ಖುಷಿಪಡುವ ದಿನವೇ ಬಿಲ್ಲೂ ಮೇಲೇರುತ್ತದೆ. ಈ ಸ್ವಭಾವ ಅರ್ಥವಾಗದೆ ಈ ವ್ಯವಹಾರಕ್ಕೆ ಇಳಿಯಬಾರದು.

ಈಗ ಬ್ಯಾಂಡ್‌ವಿಡ್ತ್ ಬಹಳ ಅಗ್ಗವಾಗಿದೆ, ನಿಜ. ಧ್ವನಿಯನ್ನು ಕುಗ್ಗಿಸುವ ತಂತ್ರವೂ ಸುಧಾರಿಸಿದೆ. 2012ರಲ್ಲಿ ಪ್ರಮಾಣಿತ ರೂಪ ಪಡೆದ ಓಪಸ್ ಎಂಬ ಕೋಡೆಕ್‌ನಲ್ಲಿ ಬರೀ ಮಾತಿನ ಕಾರ್ಯಕ್ರಮವಾದರೆ 32 ಕಿಲೋಬಿಟ್‌ಗೂ ಸ್ಪಷ್ಟವಾಗಿ ಕೇಳಿಸುತ್ತದೆ. ಅಂದರೆ ಖರ್ಚು ಕಾಲುಭಾಗ. ಹಾಗಾಗಿ ಇವತ್ತು ಹಾಡು ಹಾಕುವ ರೇಡಿಯೊವನ್ನು ಹಣ್ಣು ಮಾಡುವುದು ಸರ್ವರ್ ಬಿಲ್ಲಲ್ಲ, ಹಾಡಿನ ಹಕ್ಕುದಾರರಿಗೆ ಕಟ್ಟುವ ರಾಯಲ್ಟಿ.

ಅಮೆರಿಕದ ಉದಾಹರಣೆ ತೆಗೆದುಕೊಳ್ಳೋಣ, ಯಾಕೆಂದರೆ ಅಲ್ಲಿ ದರ ಬಹಿರಂಗವಾಗಿ ನಿಗದಿಯಾಗುತ್ತದೆ. ಅಲ್ಲಿ ಎಫ್‌ಎಂ ಕೇಂದ್ರ ಒಂದು ಹಾಡು ಹಾಕಿದರೆ ಹಾಡು ಬರೆದವರಿಗೆ, ರಾಗ ಹಾಕಿದವರಿಗೆ ದುಡ್ಡು ಹೋಗುತ್ತದೆ. ಹಾಡಿದವರಿಗೂ ಧ್ವನಿಮುದ್ರಿಕೆಯ ಕಂಪನಿಗೂ ಹೋಗುವುದಿಲ್ಲ. ಅದೇ ಹಾಡನ್ನು ಇಂಟರ್ನೆಟ್ ರೇಡಿಯೊ ಹಾಕಿದರೆ ಬರೆದವರ ಕಡೆಗೂ ಹಾಡಿದವರ ಕಡೆಗೂ ಕೊಡಬೇಕು. 2016ರಲ್ಲಿ ಚಂದಾ ಇಲ್ಲದ ವಾಣಿಜ್ಯ ಪ್ರಸಾರಕ್ಕೆ ಧ್ವನಿಮುದ್ರಿಕೆಯ ಪಾಲಾಗಿ ನಿಗದಿಯಾದ ದರ ಒಂದು ಹಾಡಿಗೆ, ಒಬ್ಬ ಕೇಳುಗನಿಗೆ, 0.17 ಸೆಂಟ್. ಕೇಳಲು ಏನೂ ಅಲ್ಲ ಅನ್ನಿಸುತ್ತದೆ. ಗಂಟೆಗೆ ಹದಿನೈದು ಹಾಡು ಹಿಡಿಯಿರಿ, ಎರಡೂವರೆ ಸೆಂಟ್ ಆಯಿತು. ಸಾವಿರ ಕೇಳುಗರಿಗೆ ಗಂಟೆಗೆ 25 ಡಾಲರ್ ದಾಟಿತು. ದಿನಪೂರ್ತಿ ಅಷ್ಟೇ ಜನ ಇದ್ದರೆ 612 ಡಾಲರ್. ತಿಂಗಳಿಗೆ ಹದಿನೆಂಟು ಸಾವಿರ ಡಾಲರಿನ ಮೇಲೆ. ಸಾವಿರ ಕೇಳುಗರು ಅಂದರೆ ಸಣ್ಣ ರೇಡಿಯೊ, ನೆನಪಿರಲಿ. 2021ರಲ್ಲಿ ಆ ದರ 0.21 ಸೆಂಟಿಗೆ ಏರಿತು.

ಇಲ್ಲಿ ಒಂದು ಮಾತು ಹೇಳಲೇಬೇಕು. ಹಾಡಿದವರಿಗೆ ದುಡ್ಡು ಸೇರಬೇಕು ಎಂಬುದರಲ್ಲಿ ನನಗೆ ಎರಡು ಮಾತಿಲ್ಲ. ಅವರ ಕಂಠ, ಅವರ ದುಡಿಮೆ ಇಲ್ಲದೆ ನಮ್ಮ ಅಂಗಡಿಯಲ್ಲಿ ಸರಕೇ ಇಲ್ಲ. ನನ್ನ ತಕರಾರು ಇರುವುದು ಗೋಪುರದವರಿಗೊಂದು ನ್ಯಾಯ, ನಮಗೊಂದು ನ್ಯಾಯ ಎಂಬುದರ ಬಗ್ಗೆ ಮಾತ್ರ. 2007ರ ಜೂನ್ 26ರಂದು ಅಮೆರಿಕದ ಅನೇಕ ಇಂಟರ್ನೆಟ್ ರೇಡಿಯೊಗಳು ದರ ಏರಿಕೆಯನ್ನು ಪ್ರತಿಭಟಿಸಿ ಇಡೀ ದಿನ ಪ್ರಸಾರ ನಿಲ್ಲಿಸಿದವು. ಆಮೇಲೆ ಸಣ್ಣವರಿಗೆ ಆದಾಯದ ಮೇಲೆ ಶೇಕಡಾವಾರು ಕಟ್ಟುವ ರಿಯಾಯಿತಿ ಸಿಕ್ಕಿತು. ಆದರೆ ರಿಯಾಯಿತಿಗೆ ಒಂದು ಕೊನೆಯ ದಿನಾಂಕ ಇರುತ್ತದೆ. 1999ರಲ್ಲಿ ಶುರುವಾದ ಲೈವ್365 ಎಂಬ ಸೇವೆಯ ಆಸರೆಯಲ್ಲಿ ಸಾವಿರಾರು ಸಣ್ಣ ರೇಡಿಯೊಗಳಿದ್ದವು. ಆ ರಿಯಾಯಿತಿ 2015ರ ಕೊನೆಗೆ ಮುಗಿಯಿತು, 2016ರ ಜನವರಿ ಕೊನೆಗೆ ಲೈವ್365 ಬಾಗಿಲು ಹಾಕಿತು. ಮುಂದಿನ ವರ್ಷ ಹೊಸ ಮಾಲೀಕರ ಕೈಯಲ್ಲಿ ಅದು ಮತ್ತೆ ತೆರೆಯಿತು. ಆದರೆ ನಡುವೆ ಚದುರಿಹೋದ ಕೇಳುಗರನ್ನು ಒಟ್ಟುಗೂಡಿಸುವ ಕಷ್ಟ ಏನೆಂಬುದು ಈ ಕೆಲಸ ಮಾಡಿದವರಿಗೇ ಗೊತ್ತು.

ಹಾಗಾದರೆ ಆ ಎರಡೂವರೆ ಸೆಂಟನ್ನು ಕೊಡುವವರು ಯಾರು?

ಎಲ್ಲರಿಗೂ ಮೊದಲು ಹೊಳೆಯುವುದು ಜಾಹೀರಾತು. ಗಂಟೆಗೆ ನಾಲ್ಕು ಜಾಹೀರಾತು ಹಾಕಿದಿರಿ ಎಂದುಕೊಳ್ಳಿ. ಒಂದನ್ನು ಸಾವಿರ ಜನಕ್ಕೆ ಕೇಳಿಸಿದ್ದಕ್ಕೆ ಆರು ಡಾಲರಿಗೂ ಹೆಚ್ಚು ಬಂದರೆ, ಅದೂ ನಾಲ್ಕೂ ಜಾಗ ಮಾರಾಟವಾದರೆ, ಆ ರಾಯಲ್ಟಿಯಷ್ಟೇ ಹುಟ್ಟುತ್ತದೆ. ಸಂಬಳ, ಬಾಡಿಗೆ, ಸರ್ವರ್, ಹಾಡು ಬರೆದವರ ಪಾಲು, ಎಲ್ಲ ಇನ್ನೂ ಬಾಕಿ. ಆಗ ಮನಸ್ಸು ಹೇಳುತ್ತದೆ, ಇನ್ನೆರಡು ಜಾಹೀರಾತು ಸೇರಿಸೋಣ ಎಂದು.

ಸೇರಿಸಿದರೆ ಏನಾಗುತ್ತದೆ ಎಂಬುದನ್ನು ನಮ್ಮ ಪರದೆಯ ಮೇಲೆ ಕಣ್ಣಾರೆ ನೋಡಬಹುದು. ಸರ್ವರ್‌ನ ಅಂಕಿಅಂಶದ ಪುಟದಲ್ಲಿ ಈ ಕ್ಷಣ ಕೇಳುತ್ತಿರುವವರ ಸಂಖ್ಯೆ ಒಂದು ಗೆರೆಯಾಗಿ ಬಲಕ್ಕೆ ಸಾಗುತ್ತಿರುತ್ತದೆ. ಹಾಡು ನಡೆಯುವಾಗ ಗೆರೆ ಹೆಚ್ಚುಕಡಿಮೆ ಸಮತಟ್ಟು. ಮೊದಲ ಜಾಹೀರಾತಿಗೆ ಅದು ಅಲುಗುವುದಿಲ್ಲ. ಎರಡನೆಯದಕ್ಕೆ ಸ್ವಲ್ಪ ಬಾಗುತ್ತದೆ. ಮೂರನೆಯದು ಶುರುವಾದ ಕೆಲವೇ ಸೆಕೆಂಡಿನಲ್ಲಿ ಒಂದು ಮೆಟ್ಟಿಲು ಕೆಳಗಿಳಿಯುತ್ತದೆ. ಮತ್ತೆ ಹಾಡು ಬಂದ ಮೇಲೂ ಗೆರೆ ಹಳೆಯ ಎತ್ತರಕ್ಕೆ ಏರುವುದಿಲ್ಲ, ಯಾಕೆಂದರೆ ಎದ್ದುಹೋದವರಿಗೆ ಹಾಡು ಬಂದದ್ದು ಗೊತ್ತಾಗುವುದಾದರೂ ಹೇಗೆ? ಮೊದಮೊದಲು ನಾನು ಈ ಗೆರೆಯನ್ನು ಗಂಟೆಗಟ್ಟಲೆ ನೋಡುತ್ತ ಕೂತಿದ್ದುಂಟು. ಜಾಹೀರಾತು ವಿಭಾಗದ ಗೆಳೆಯರನ್ನೂ ಪಕ್ಕದಲ್ಲಿ ಕೂರಿಸಿಕೊಂಡು ತೋರಿಸಿದೆ. ಆಮೇಲೆ ನಮ್ಮಲ್ಲಿ ಒಟ್ಟಿಗೆ ಎರಡಕ್ಕಿಂತ ಹೆಚ್ಚು ಜಾಹೀರಾತು ಹೋಗಿಲ್ಲ. ಒತ್ತಡ ಬಂದಿದೆ, ದೊಡ್ಡ ಮೊತ್ತದ ಆಮಿಷವೂ ಬಂದಿದೆ. ಕೇಳುಗ ಕೊಟ್ಟ ಗಂಟೆಯನ್ನು ನಾವು ಮಾರುತ್ತಿರುವುದು ನಿಜ. ಆದರೆ ಅದನ್ನು ಕೊಡುವುದೂ ಬಿಡುವುದೂ ಅವರ ಇಷ್ಟ.

ಇನ್ನೊಂದು ದಾರಿ ಕೇಳುಗರೇ ಕೊಡುವುದು. ಸ್ಯಾನ್ ಫ್ರಾನ್ಸಿಸ್ಕೋದ ಸೋಮಾ ಎಫ್‌ಎಂ 2000ದಲ್ಲಿ ಶುರುವಾಯಿತು. ರಾಯಲ್ಟಿಯ ಭಾರಕ್ಕೆ 2002ರಲ್ಲಿ ಕೆಲವು ತಿಂಗಳು ನಿಂತೇಹೋಯಿತು, ಮತ್ತೆ ಎದ್ದಿತು. ಅದರಲ್ಲಿ ಜಾಹೀರಾತು ಇಲ್ಲ, ಕೇಳುಗರ ದೇಣಿಗೆಯಿಂದಲೇ ನಡೆಯುತ್ತದೆ. 2000ದಲ್ಲೇ ಒಂದು ದಂಪತಿ ಶುರು ಮಾಡಿದ ರೇಡಿಯೊ ಪ್ಯಾರಡೈಸ್ ಕೂಡ ಅದೇ ಹಾದಿಯದು. ಇವರ ಹೆಸರು ಷೇರುಪೇಟೆಯ ಸುದ್ದಿಯಲ್ಲಿ ಬಂದಿಲ್ಲ.

ಷೇರುಪೇಟೆಯಲ್ಲಿ ಸುದ್ದಿಯಾದದ್ದು ಬ್ರಾಡ್‌ಕಾಸ್ಟ್ ಡಾಟ್ ಕಾಮ್. ತಮ್ಮ ವಿಶ್ವವಿದ್ಯಾಲಯದ ಬ್ಯಾಸ್ಕೆಟ್‌ಬಾಲ್ ಪಂದ್ಯದ ವೀಕ್ಷಕ ವಿವರಣೆಯನ್ನು ದೂರದಲ್ಲಿದ್ದುಕೊಂಡೇ ಕೇಳಬೇಕು ಎಂಬ ಆಸೆ ಅದನ್ನು ಬೆಳೆಸಿದ ಮಾರ್ಕ್ ಕ್ಯೂಬನ್ ಮತ್ತು ಟಾಡ್ ವ್ಯಾಗ್ನರ್ ಅವರಿಗಿತ್ತು. ಮೊದಲು ಆಡಿಯೊನೆಟ್ ಎಂಬ ಹೆಸರಿನಲ್ಲಿ ಬೆಳೆದ ಆ ಕಂಪನಿಯನ್ನು 1999ರಲ್ಲಿ ಯಾಹೂ 5.7 ಶತಕೋಟಿ ಡಾಲರ್ ಮೌಲ್ಯದ ಷೇರು ಕೊಟ್ಟು ಕೊಂಡಿತು. 2002ರ ಹೊತ್ತಿಗೆ ಆ ಸೇವೆಯೇ ಇರಲಿಲ್ಲ. ಮಾರಿದವರ ಜಾಣ್ಮೆಯನ್ನು ನಾನು ಮೆಚ್ಚುತ್ತೇನೆ, ಬೆಲೆ ತಾರಕಕ್ಕೇರಿದಾಗ ಮಾರುವುದಕ್ಕೂ ಧೈರ್ಯ ಬೇಕು. ಆದರೆ ನೀವು ಎಂಥ ರೇಡಿಯೊ ಕಟ್ಟುತ್ತೀರಿ ಎಂದು ಯಾರಾದರೂ ನನ್ನನ್ನು ಕೇಳಿದರೆ, ಇಪ್ಪತ್ತು ವರ್ಷ ಕಳೆದ ಮೇಲೂ ಕೇಳಿಸುವ ಸೋಮಾ ಎಫ್‌ಎಂನಂಥದ್ದನ್ನೇ ತೋರಿಸುತ್ತೇನೆ.

ಈಗ ಯೋಜನೆ ಬದಲಿಸುವ ವಿಷಯಕ್ಕೆ ಬರೋಣ. ಇದರ ಬಗ್ಗೆ ನಾಚಿಕೆಯೋ ಅಂಜಿಕೆಯೋ ಬೇಡ ಎಂಬುದು ನನ್ನ ಖಚಿತವಾದ ಅಭಿಪ್ರಾಯ. ಪಂಡೋರ ಎಂಬ ಇಂಟರ್ನೆಟ್ ರೇಡಿಯೊ ಕಂಪನಿ ಹುಟ್ಟಿದ್ದು 2000ದಲ್ಲಿ, ಸ್ಯಾವೇಜ್ ಬೀಸ್ಟ್ ಎಂಬ ಹೆಸರಿನಲ್ಲಿ. ಸಂಗೀತ ಬಲ್ಲವರು ಒಂದೊಂದು ಹಾಡನ್ನೂ ಕೇಳಿ ಅದರ ನೂರಾರು ಲಕ್ಷಣಗಳನ್ನು ಗುರುತುಹಾಕುತ್ತಿದ್ದರು. ಈ ಹಾಡು ಇಷ್ಟವಾದವರಿಗೆ ಇನ್ಯಾವುದು ಇಷ್ಟವಾದೀತು ಎಂಬ ಶಿಫಾರಸನ್ನು ಬೇರೆ ಕಂಪನಿಗಳಿಗೆ ಮಾರುವುದು ಅವರ ವ್ಯಾಪಾರ. ದುಡ್ಡು ಮುಗಿಯಿತು. ಎರಡು ವರ್ಷಕ್ಕೂ ಹೆಚ್ಚು ಕಾಲ ನೌಕರರು ಸಂಬಳವಿಲ್ಲದೆ ದುಡಿದರು. 2004ರಲ್ಲಿ ಹೊಸ ಬಂಡವಾಳ ಸಿಕ್ಕಿತು, 2005ರಲ್ಲಿ ಅದೇ ಕೆಲಸ ನೇರವಾಗಿ ಕೇಳುಗರ ಮುಂದೆ ರೇಡಿಯೊ ಆಗಿ ಬಂತು. ಹಾಡು ಕೇಳಿ ಗುರುತುಹಾಕುವ ಶ್ರಮ ಹಾಗೇ ಉಳಿಯಿತು, ಗಿರಾಕಿ ಮಾತ್ರ ಬದಲಾದ. ಸಂಬಳವಿಲ್ಲದ ದುಡಿಮೆಯನ್ನು ಸಾಹಸದ ಕಥೆಯಾಗಿ ಹೇಳುವವರಿದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ. ಆ ಮನೆಗಳಲ್ಲಿ ಆ ಎರಡು ವರ್ಷ ಹೇಗೆ ಕಳೆದಿರಬಹುದು ಎಂದೇ ನನಗೆ ಮೊದಲು ಯೋಚನೆಯಾಗುತ್ತದೆ.

ಓಡಿಯೊ ಕಂಪನಿಯ ಕಥೆ ಬೇರೆ ಥರದ್ದು. ಅದು ಪಾಡ್‌ಕಾಸ್ಟ್‌ಗಾಗಿ ಕಟ್ಟಿದ ಕಂಪನಿ. 2005ರ ಜೂನ್‌ನಲ್ಲಿ ಆಪಲ್ ತನ್ನ ಐಟ್ಯೂನ್ಸ್‌ನೊಳಗೇ ಪಾಡ್‌ಕಾಸ್ಟ್ ತಂದಿತು, ಓಡಿಯೊದ ದಾರಿ ಮುಚ್ಚಿತು. ಮರುವರ್ಷ ಅದೇ ತಂಡದೊಳಗಿಂದ ಟ್ವಿಟರ್ ಹುಟ್ಟಿತು. ಇದರಲ್ಲಿ ನನ್ನ ಮನಸ್ಸು ನಿಲ್ಲುವುದು ಟ್ವಿಟರ್ ಮೇಲಲ್ಲ. ಕಂಪನಿಯ ಮುಖ್ಯಸ್ಥರಾಗಿದ್ದ ಇವಾನ್ ವಿಲಿಯಮ್ಸ್ 2006ರಲ್ಲಿ ಬಂಡವಾಳ ಹಾಕಿದವರ ಪಾಲನ್ನು ಮರಳಿ ಕೊಂಡುಕೊಂಡರು. ಒಂದು ಕೆಲಸಕ್ಕೆಂದು ತೆಗೆದುಕೊಂಡ ದುಡ್ಡನ್ನು ಇನ್ನೊಂದಕ್ಕೆ ತಿರುಗಿಸುವ ಮುನ್ನ ಕೊಟ್ಟವರ ಜೊತೆ ಹಳೆಯ ಲೆಕ್ಕ ಚುಕ್ತಾ ಆಗಿರಬೇಕು, ನನಗೆ ಅದು ದೊಡ್ಡ ವಿಷಯ.

ನಮ್ಮ ರೇಡಿಯೊ ಕೂಡ ಹಾಡಿನಿಂದ ಮಾತಿನತ್ತ ತಿರುಗಿದೆ. ಕೇಳುಗ-ಗಂಟೆಯ ಲೆಕ್ಕವೇ ಅದನ್ನು ತೀರ್ಮಾನಿಸಿತು. ಮಾತಿಗೆ ಹಾಡಿನ ರಾಯಲ್ಟಿ ಇಲ್ಲ, ಬ್ಯಾಂಡ್‌ವಿಡ್ತ್ ಕಡಿಮೆ ಸಾಕು. ಬದಲಿಗೆ ಮನುಷ್ಯರ ಸಮಯ ಬೇಕು: ವಿಷಯ ಹುಡುಕಬೇಕು, ಮಾತಾಡಿಸಬೇಕು, ಕತ್ತರಿಸಿ ಜೋಡಿಸಬೇಕು. ಆದರೆ ಆ ಖರ್ಚು ಒಮ್ಮೆ ಮಾಡಿದರೆ ಮುಗಿಯಿತು. ಕೇಳುವವರು ನೂರರಿಂದ ಸಾವಿರಕ್ಕೆ ಏರಿದರೂ ಅದು ಹತ್ತು ಪಟ್ಟಾಗುವುದಿಲ್ಲ. ಅಂದಹಾಗೆ, ಇಂಟರ್ನೆಟ್ ರೇಡಿಯೊ ಶುರುವಾದದ್ದೂ ಮಾತಿನಿಂದಲೇ. 1993ರಲ್ಲಿ ಕಾರ್ಲ್ ಮಲಮೂಡ್ 'ಇಂಟರ್ನೆಟ್ ಟಾಕ್ ರೇಡಿಯೊ' ನಡೆಸಿದಾಗ ಅದರಲ್ಲಿದ್ದದ್ದು ಕಂಪ್ಯೂಟರ್ ತಜ್ಞರ ಸಂದರ್ಶನಗಳು.

ಹಾಡಿನ ಚಾನೆಲ್ ಮುಚ್ಚುವಾಗ ಅದನ್ನು ರಾತ್ರೋರಾತ್ರಿ ಆರಿಸಲು ನಾನು ಒಪ್ಪಲಿಲ್ಲ. ಸಾಕಷ್ಟು ಮುಂಚೆಯೇ ಕೇಳುಗರಿಗೆ ತಿಳಿಸಿದೆವು, ಯಾಕೆ ಎಂಬುದನ್ನೂ ಲೆಕ್ಕ ಸಮೇತ ಹೇಳಿದೆವು. ನಾವು ಬಳಸುವ ಐಸ್‌ಕ್ಯಾಸ್ಟ್ ಎಂಬ ಉಚಿತ ಸರ್ವರ್ ತಂತ್ರಾಂಶದಲ್ಲಿ ಫಾಲ್‌ಬ್ಯಾಕ್ ಎಂಬ ಒಂದು ಸೌಲಭ್ಯವಿದೆ. ಒಂದು ಚಾನೆಲ್‌ಗೆ ಬರುತ್ತಿರುವ ಧ್ವನಿ ನಿಂತರೆ ಅದನ್ನು ಕೇಳುತ್ತಿದ್ದವರನ್ನು ಅದು ತಾನಾಗಿಯೇ ಇನ್ನೊಂದು ಚಾನೆಲ್‌ಗೆ ದಾಟಿಸುತ್ತದೆ, ಕೇಳುಗರು ಯಾವ ಗುಂಡಿಯನ್ನೂ ಒತ್ತಬೇಕಿಲ್ಲ. ಕೊನೆಯ ಹಾಡು ಮುಗಿದಾಗ ಎಲ್ಲರನ್ನೂ ಹಾಗೆ ಮಾತಿನ ಚಾನೆಲ್‌ಗೆ ದಾಟಿಸಿದೆವು. ಅಲ್ಲಿ ಅವರಿಗೆ ಮೊದಲು ಕೇಳಿಸಿದ್ದು ನಮ್ಮ ನಿರೂಪಕಿಯ ದನಿ: ನೀವು ಎಲ್ಲಿಗೆ ಬಂದಿದ್ದೀರಿ, ಇಲ್ಲಿ ಏನು ಸಿಗುತ್ತದೆ, ಹಾಡೇ ಬೇಕಿದ್ದರೆ ಬೇರೆ ಯಾವ ರೇಡಿಯೊಗಳಿವೆ. ಬೇರೆಯವರ ಹೆಸರನ್ನು ನಾವೇ ಹೇಳುವುದೇ ಎಂದು ತಂಡದಲ್ಲಿ ವಾದ ನಡೆದಿತ್ತು. ಹೇಳಬೇಕೆಂದು ನಾನು ಹಟ ಹಿಡಿದೆ. ಕೆಲವರು ಎದ್ದುಹೋದರು, ಹಲವರು ಉಳಿದರು. ಹೋದವರಲ್ಲೂ ಕೆಲವರು ಹೊಸ ಕಾರ್ಯಕ್ರಮದ ಸುದ್ದಿ ತಿಳಿದು ಆಮೇಲೆ ಬಂದರು.

ಈಗ ನಮ್ಮ ಮುಂದಿರುವ ಪ್ರಶ್ನೆ ನೇರ ಪ್ರಸಾರವನ್ನು ಎಷ್ಟು ಹೊತ್ತು ಇಟ್ಟುಕೊಳ್ಳಬೇಕು ಎಂಬುದು. ಹೆಚ್ಚಿನವರು ತಮಗೆ ಬಿಡುವಾದಾಗ ಬೇಕಾದ ಕಾರ್ಯಕ್ರಮವನ್ನು ಆರಿಸಿಕೊಂಡು ಕೇಳುತ್ತಾರೆ. ನಡುರಾತ್ರಿಯ ನೇರ ಪ್ರಸಾರಕ್ಕೆ ಕೇಳುಗರು ಬೆರಳೆಣಿಕೆಯಷ್ಟು, ಅದನ್ನು ಕೈಬಿಡಿ ಎಂದು ನಮ್ಮ ಲೆಕ್ಕಿಗರು ಹೇಳುತ್ತಿದ್ದಾರೆ. ಅಂಕಿ ನೋಡಿದರೆ ಅವರ ಮಾತು ಸರಿ. ಆದರೆ ಆ ಹೊತ್ತಿನಲ್ಲಿ ಕೇಳುವವರು ಒಮ್ಮೆ ಹಚ್ಚಿದರೆ ಬೆಳಗಿನ ತನಕ ಆರಿಸುವುದಿಲ್ಲ. ರಾತ್ರಿಪಾಳಿಯವರು, ರೋಗಿಯ ಪಕ್ಕ ಕೂತವರು, ನಿದ್ದೆ ಬಾರದವರು ನಮಗೆ ಬರೆಯುತ್ತಾರೆ. ನಮ್ಮ ದೇಣಿಗೆಯ ಪಟ್ಟಿಯಲ್ಲಿ ತಪ್ಪದೆ ಕಾಣಿಸುವ ಹೆಸರುಗಳೂ ಅವರವೇ. ಹಾಗಾಗಿ ರಾತ್ರಿಯ ಗಂಟೆಗಳಿಗೆ ಬೇರೆಯೇ ಲೆಕ್ಕ ತೆರೆಯಲು ಹೇಳಿದ್ದೇನೆ: ಅಷ್ಟು ಹೊತ್ತಿನ ಖರ್ಚು ಎಷ್ಟು, ಆ ಕೇಳುಗರಿಂದಲೇ ಬರುವುದು ಎಷ್ಟು. ಆ ಪುಸ್ತಕ ತುಂಬುವವರೆಗೆ ರಾತ್ರಿಯ ಪ್ರಸಾರ ಇರುತ್ತದೆ.

ನಮಸ್ಕಾರ.